ಎಳ್ಳಮಾವಾಸ್ಯೆಯ ಹೊಲದಲ್ಲಿ ಒತ್ತಿದ ಗುಂಡಿ

ಆ ಗುಂಡಿ ಒತ್ತಿದವನು ನಾನು, ಸ್ನೇಹಲ — ನೀನಲ್ಲ. ನಿನ್ನ ಕಾಕಾ. ಇಷ್ಟು ವರ್ಷ ನಿನ್ನದೆಂದುಕೊಂಡು ನೀನು ಹೊತ್ತು ತಿರುಗಿದ ತಪ್ಪು ನನ್ನದು.

ನಿನಗೆ ಇನ್ಸುಲಿನ್ ಪಂಪು ಹಾಕಿಸಿದ ದಿನ ನಿಮ್ಮಪ್ಪನಿಗಿಂತ ಹೆಚ್ಚು ಕುಣಿದವನು ನಾನೇ. ಸೋಲಾಪುರದ ಅಕ್ಕಲಕೋಟ ರಸ್ತೆಯ ಎಂಐಡಿಸಿ ಕಾರ್ಖಾನೆಗಳಲ್ಲಿ ಟಾವೆಲ್ ನೇಯುವ ಪವರ್‌ಲೂಮುಗಳ ನಡುವೆ ದುಡಿಯುವವನು ನಾನು. ಯಂತ್ರ ಕಂಡರೆ ಕೈ ಸುಮ್ಮನಿರುವುದಿಲ್ಲ. ಇಲ್ಲಿ ನೋಡಿದರೆ — ಸೊಂಟದಲ್ಲೊಂದು ಪುಟ್ಟ ಪೆಟ್ಟಿಗೆ, ಹಗಲೂ ರಾತ್ರಿ ತಾನೇ ಇನ್ಸುಲಿನ್ ಬಿಡುತ್ತದೆ! ತೋಳಿನ ಮೇಲೆ ನಾಣ್ಯದಷ್ಟು ಸೆನ್ಸರ್, ನಿನ್ನ ಮೈಯ ಸಕ್ಕರೆ ನನ್ನ ಫೋನಿನಲ್ಲಿ ಕಾಣುತ್ತದೆ! ನೀನು ಶಾಲೆಯಲ್ಲಿ ಡಬ್ಬಿ ಬಿಚ್ಚಿದರೆ ನಾನು ಮಗ್ಗದ ಸದ್ದಿನ ನಡುವೆ ನಿಂತು ಅಂಕಿ ಏರುವುದನ್ನು ನೋಡುತ್ತಿದ್ದೆ. ಎಂಥ ಖುಷಿ ಅದು — ಈಗ ನೆನೆದರೂ ಮೈ ಜುಮ್ಮೆನ್ನುತ್ತದೆ, ಕೂಡಲೇ ನಾಚಿಕೆಯೂ ಆಗುತ್ತದೆ.

ನೀನು ಆಗ ಶಾಲೆಯಲ್ಲಿ ಆರನೆಯ ಇಯತ್ತೆ. ಎಳ್ಳಮಾವಾಸ್ಯೆಗೆ ನಾಗಣಸೂರಿನ ನಮ್ಮ ಹೊಲಕ್ಕೆ ಎಲ್ಲರೂ ಹೋಗಿದ್ದೆವು. ಪಂಪಿನ ರಿಮೋಟನ್ನು ನನ್ನ ಕೈಗೆ ಕೊಟ್ಟು ನೀನು ಪಕ್ಕದಲ್ಲೇ ಹುಡುಗಿಯರ ಜೊತೆ ಹರಟುತ್ತಾ ಕೂತೆ. ಸುತ್ತ ಬೀಗರು-ಬಿಜ್ಜರು, ಮಂಗಳವೇಢೆಯಿಂದ ಬಂದ ಮಾವಂದಿರು. "ಇದೇನ್ರಿ, ಮೊಬೈಲೇನು?" ಎಂದು ಒಬ್ಬರು ಕೇಳಿದ್ದೇ ತಡ — ನನಗೆ ಇನ್ನೇನು ಬೇಕಿತ್ತು!

"ತಡೀರಿ, ತೋರಸ್ತೀನಿ," ಎಂದೆ. ಬುತ್ತಿ ಬಿಚ್ಚುತ್ತಿದ್ದರು. ಶೇಂಗಾ ಹೋಳಿಗೆ, ಸಜ್ಜೆ ರೊಟ್ಟಿ, ಅಂಬಲಿ — ನೀನು ಉಣ್ಣುವುದನ್ನೆಲ್ಲ ಅಂದಾಜು ಮಾಡಿ, ರಿಮೋಟಿಗೆ ಹಾಕಿ, ಗುಂಡಿ ಒತ್ತಿಬಿಟ್ಟೆ. ಊಟಕ್ಕೆ ಬೇಕಾಗುವಷ್ಟು ಇನ್ಸುಲಿನ್ ನಿನ್ನ ಮೈ ಸೇರಿತು. ನಿನ್ನನ್ನು ಕೇಳಲಿಲ್ಲ. ಒತ್ತಿದ್ದು ಏನೆಂದು ನೋಡುತ್ತಿದ್ದ ಬೀಗರಿಗೂ ತಿಳಿಯಲಿಲ್ಲ, ರಿಮೋಟನ್ನು ಮತ್ತೆ ನಿನ್ನ ಪಕ್ಕಕ್ಕಿಟ್ಟೆ. ಪೂಜೆಯಾಗಿ, ಹೊಲದ ಸುತ್ತ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿ ಬರುವ ತನಕ ನಮ್ಮಲ್ಲಿ ಯಾರೂ ತುತ್ತು ಎತ್ತುವುದಿಲ್ಲ. ಹುಟ್ಟಿದಾಗಿನಿಂದ ಗೊತ್ತಿದ್ದ ಮಾತು ಆ ಹುಮ್ಮಸ್ಸಿನಲ್ಲಿ ನೆನಪಾಗಲಿಲ್ಲ!

ಹಿರಿಯರು ಚರಗ ಚೆಲ್ಲಲು ಹೊರಟರು. ನಾನು ಫೋನ್ ಹಿಡಿದು — ಹೇಳಲು ಬಾಯಿ ಬರುವುದಿಲ್ಲ — ಇಳಿಯುವ ಅಂಕಿಯನ್ನು ಉಳಿದವರಿಗೆ ತೋರಿಸಿ ಮೆರೆದೆ. "ನೋಡ್ರಿ, ಹ್ಯಾಂಗ ಇಳ್ಯಾಕತ್ತದ!" ಕೆಳಮುಖದ ಬಾಣ ಒಂದಿದ್ದದ್ದು ಎರಡಾಯಿತು, ಅಲಾರಂ ಕೂಗಿತು. ಆಗಲಾದರೂ ಒಂದು ಹೋಳಿಗೆ ನಿನ್ನ ಕೈಗೆ ಕೊಡಬಹುದಿತ್ತು. ಚರಗಕ್ಕೆ ಮೊದಲೇ ಯಾಕೆ ಎಂದು ಯಾರಾದರೂ ಕೇಳಿದರೆ ಒತ್ತಿದ್ದನ್ನು ಹೇಳಬೇಕಾಗುತ್ತಿತ್ತು. ಇನ್ನೇನು ಬಂದೇಬಿಟ್ಟರು ಅಂದುಕೊಂಡು... ಅಲಾರಂ ಬಂದ್ ಮಾಡಿದೆ.

ನೀನು ಕೂತಲ್ಲೇ ಕುಸಿದೆ. ಬೆವೆತ ಹಣೆ, ತೊದಲುವ ಮಾತು. ನಿಮ್ಮವ್ವ ಬೆಲ್ಲದ ನೀರನ್ನು ಗುಟುಕು ಗುಟುಕಾಗಿ ಕುಡಿಸಿದರು. ಅಕ್ಕಲಕೋಟದ ದವಾಖಾನೆ ಮುಟ್ಟುವಷ್ಟರಲ್ಲಿ ನೀನು ಚೇತರಿಸಿಕೊಂಡಿದ್ದೆ. ನಿಮ್ಮಪ್ಪ, ನನ್ನ ಅಣ್ಣ, ರಿಮೋಟ್ ತೆರೆದು ನೋಡಿದ. ಎಷ್ಟು ಇನ್ಸುಲಿನ್ ಹೋಗಿದೆ ಎಂದು ಅದು ಹೇಳಿತು, ಯಾರು ಒತ್ತಿದರು ಎಂದು ಹೇಳಲಿಲ್ಲ.

"ಯಾರ ಒತ್ಯಾರ ಇದನ್ನ?"

"ಆಕೀನ ಒತ್ತಿರಬೇಕು ಅಣ್ಣಾ. ಸಣ್ಣ ಹುಡುಗಿ ಅಲ್ಲೇನು."

ನಾನು ಆಡಿದ್ದು ಅಷ್ಟೇ ಮಾತು. ನೀನು ಮಂಚದ ಮೇಲಿಂದ ನನ್ನನ್ನೇ ನೋಡಿದೆ. ಒತ್ತಿದ ನೆನಪಿಲ್ಲ, ಆದರೆ ಕಾಕಾ ಸುಳ್ಳು ಹೇಳುವವನಲ್ಲ... ಹಾಗೆಂದುಕೊಂಡೇ ಇರಬೇಕು, ನೀನು ಹೌದೆಂದು ತಲೆಯಾಡಿಸಿದೆ. ಮರುದಿನ ಪಂಪು ಕಪಾಟು ಸೇರಿತು. ಮತ್ತೆ ಊಟ ಊಟಕ್ಕೂ ಸೂಜಿ. ಶಾಲೆಯ ಟ್ರಿಪ್ಪಿಗೆ ನೀನು ಹೋಗಲಿಲ್ಲ, ಗೆಳತಿಯರ ಮನೆಯಲ್ಲಿ ಉಣ್ಣಲಿಲ್ಲ.

ಈಗ ಕಾಲೇಜಿಗೆ ಹೋಗುತ್ತೀ. ಮೊನ್ನೆ ಸೋಲಾಪುರದ ಡಾಕ್ಟರು ಹೊಸ ಪಂಪಿನ ಸುದ್ದಿ ತೆಗೆದರಂತೆ — ಸೆನ್ಸರಿನ ಅಂಕಿ ತಾನೇ ನೋಡುತ್ತದಂತೆ, ಸಕ್ಕರೆ ತೀರ ಇಳಿಯುವ ಮುನ್ನವೇ ಇನ್ಸುಲಿನ್ ನಿಲ್ಲಿಸುತ್ತದಂತೆ! ಕೇಳಿ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ನೀನು ತಣ್ಣಗೆ ಅಂದೆ: "ನನಗ ಬ್ಯಾಡ ಕಾಕಾ. ನನ್ನ ಕೈ ಮ್ಯಾಲ ನನಗ ಭರೋಸಾ ಇಲ್ಲ."

ನಿನ್ನ ಕೈ ತಪ್ಪೇ ಮಾಡಿಲ್ಲ, ಮಗಳೇ.

ಇದನ್ನು ಕನ್ನಡದಲ್ಲಿ ಬರೆಯುತ್ತಿರುವುದೂ ಒಂದು ಕಳ್ಳತನವೇ. ಮರಾಠಿ ಶಾಲೆಯಲ್ಲಿ ಕಲಿತ ನೀನು ಈ ಅಕ್ಷರ ಓದಲಾರೆ ಎಂದು ನನಗೆ ಗೊತ್ತು. ಅದಕ್ಕೇ ಬರೆಯುವುದು ಸಾಕು, ನಿಮ್ಮ ಮನೆಗೆ ಹೊರಟಿದ್ದೇನೆ. ಅಣ್ಣನ ಎದುರಿಗೇ ಬಾಯಿಬಿಟ್ಟು ಹೇಳುತ್ತೇನೆ. ಆಮೇಲೆ ನೀನು ನನ್ನನ್ನು ಕಾಕಾ ಎಂದು ಕರೆಯದಿದ್ದರೂ ಸರಿ — ಆ ಪಂಪು ಹಾಕಿಸಿಕೋ.