ಬೀರುವಿನ ಬಾಗಿಲ ಹಿಂದೆ ಓದುತ್ತಿದ್ದವಳು

ಶಾಲೆಯ ಬೀಗ ತೆಗೆದೆ. ಆಯಾ ರಜೆಯಲ್ಲಿದ್ದುದರಿಂದ ಎರಡು ಕೋಣೆ, ಒಂದು ವರಾಂಡ ಗುಡಿಸಿದೆ. ಹಾಲಿನ ಪುಡಿ ಕದಡಿ ಕುದಿಯಲು ಇಟ್ಟೆ, ಸ್ವಲ್ಪ ತಳ ಹಿಡಿಯಿತು. ಗಂಟೆ ಹೊಡೆದೆ. ನಾಲ್ಕನೇ ತರಗತಿಯನ್ನೂ ಐದನೇ ತರಗತಿಯನ್ನೂ ಒಟ್ಟಿಗೆ ಕೂರಿಸಿ ಒಂದಕ್ಕೆ ಗುಣಾಕಾರ, ಇನ್ನೊಂದಕ್ಕೆ ಭಾಗಾಕಾರ ಹೇಳಿಕೊಟ್ಟೆ. ಕಿತ್ತುಹೋದ ಒಂದು ಚಪ್ಪಲಿಗೆ ಪಿನ್ನು ಚುಚ್ಚಿಕೊಟ್ಟೆ. ಊಟದ ವ್ಯಾನಿನವರ ಪುಸ್ತಕಕ್ಕೆ ಸಹಿ ಹಾಕಿದೆ. ಮೊಟ್ಟೆ ಬೇಯಿಸಿದೆ, ಸಿಪ್ಪೆ ತೆಗೆಯಲು ಬಾರದವರಿಗೆ ತೆಗೆದುಕೊಟ್ಟೆ. ಕಾಂಪೌಂಡಿನ ಮೂಲೆಗೆ ಹೋಗಿ ಫೋನಿನಲ್ಲಿ ಹಾಜರಿ ತುಂಬಿದೆ. ನಮ್ಮದು ಹಳೇ ಕಲ್ಲುಗೋಡೆಯ ಕಟ್ಟಡ, ಒಳಗೆ ಸಿಗ್ನಲ್ ಸರಿಯಾಗಿ ಸಿಗುವುದಿಲ್ಲ. ಮಧ್ಯಾಹ್ನದ ಮೇಲೆ ಒಂದು ಟಿ.ಸಿ. ಬರೆದೆ.

ಉಳಿದದ್ದೆಲ್ಲ ದಿನಾ ಇರುವಂಥದ್ದು. ಆ ಟಿ.ಸಿ.ಯ ಬಗ್ಗೆ ಬರೆಯಬೇಕು.

ಹಲಸೂರಿನ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ನಾನು ಇನ್‌ಚಾರ್ಜ್ ಹೆಚ್.ಎಂ. ಇದ್ದ ಮುಖ್ಯ ಶಿಕ್ಷಕರು ನಿವೃತ್ತರಾದರು, ಅವರ ಜಾಗಕ್ಕೆ ಯಾರೂ ಬರಲಿಲ್ಲ. ಆ ಕುರ್ಚಿ ನನ್ನದಾಯಿತು; ಅದರಲ್ಲಿ ಕೂರಲು ಪುರುಸೊತ್ತು ಮಾತ್ರ ಸಿಗಲಿಲ್ಲ. ಒಂದರಿಂದ ಮೂರನೇ ತರಗತಿಯವರೆಗೆ ನನ್ನ ಸಹೋದ್ಯೋಗಿ ನೋಡಿಕೊಳ್ಳುತ್ತಾರೆ, ನಾಲ್ಕು ಮತ್ತು ಐದು ನನ್ನದು. ಇಬ್ಬರ ನಡುವೆ ಒಬ್ಬಳು ಅತಿಥಿ ಶಿಕ್ಷಕಿ ಇದ್ದಳು. ವರ್ಷಕ್ಕಿಷ್ಟು ತಿಂಗಳು ಎಂದು ನೇಮಕವಾಗಿ ಬರುವವಳು, ಇಪ್ಪತ್ತಾರರ ಹುಡುಗಿ. ಕಗ್ಗದಾಸಪುರದಲ್ಲಿ ಬಾಡಿಗೆ ಕೋಣೆ ಮಾಡಿಕೊಂಡು ಎರಡು ಬಸ್ಸು ಬದಲಿಸಿ ಬರುತ್ತಿದ್ದಳು.

ಟಿ.ಸಿ. ಬರೆದದ್ದು ಐದನೇ ತರಗತಿಯ ಒಬ್ಬ ಹುಡುಗಿಗೆ. ಅವಳು ಒಂದನೇ ತರಗತಿಗೆ ಸೇರಿದ ವರ್ಷ ಕೊರೋನಾದಿಂದ ಶಾಲೆಗೆ ಬೀಗ ಬಿದ್ದಿತ್ತು. ಆಗ ಪಾಠವೆಲ್ಲ ಫೋನಿನಲ್ಲಿ. ಮಕ್ಕಳು ಓದಿದ್ದನ್ನು ಮನೆಯವರು ರೆಕಾರ್ಡ್ ಮಾಡಿ ನಮಗೆ ಕಳಿಸಬೇಕಿತ್ತು. ಇವಳ ತಾಯಿ ತಪ್ಪದೆ ಕಳಿಸುತ್ತಿದ್ದಳು. ಮಗಳು 'ಅ, ಆ' ಅನ್ನುವಾಗ ಹಿಂದಿನಿಂದ ತಮಿಳಿನಲ್ಲಿ ಗದರುವ ತಾಯಿಯ ದನಿಯೂ ಸೇರಿ ಬರುತ್ತಿತ್ತು, ನಾವು ಕೇಳಿ ನಗುತ್ತಿದ್ದೆವು. ಎರಡನೇ ಅಲೆಯಲ್ಲಿ ಆ ತಾಯಿ ಹೋಗಿಬಿಟ್ಟಳು. ಮೂರು ದಿನ ಆಸ್ಪತ್ರೆ, ಅಷ್ಟೇ. ನನ್ನ ಆ ಫೋನೂ ಆಮೇಲೆ ಕೆಟ್ಟುಹೋಯಿತು, ರೆಕಾರ್ಡು ಒಂದೂ ಉಳಿದಿಲ್ಲ.

ಶಾಲೆ ತೆರೆದ ಮೇಲೆ ಹುಡುಗಿ ಬಂದಳು. ಅಂಗಳದಲ್ಲಿ ಆಡುತ್ತಿದ್ದಳು, ಊಟದ ಸಾಲಿನಲ್ಲಿ ಜಗಳವೂ ಆಡುತ್ತಿದ್ದಳು. ಪುಸ್ತಕ ತೆರೆದು "ಓದಮ್ಮ" ಎಂದರೆ ಮಾತ್ರ ಅಲ್ಲೇ ನಿಂತುಬಿಡುತ್ತಿದ್ದಳು. ಕಣ್ಣು ಅಕ್ಷರದ ಮೇಲೆ ಓಡುವುದು ಕಾಣುತ್ತಿತ್ತು, ದನಿ ಹೊರಡುತ್ತಿರಲಿಲ್ಲ. ಒಂದು ವರ್ಷ, ಎರಡು ವರ್ಷ, ಹಾಗೇ ಹೋಯಿತು. ನನ್ನ ಸಹನೆಯೇ ಮದ್ದು ಅಂದುಕೊಂಡಿದ್ದೆ. ಸಹನೆಗೂ ಸಮಯ ಬೇಕಲ್ಲ.

ದಾರಿ ಕಂಡುಹಿಡಿದವಳು ಅತಿಥಿ ಶಿಕ್ಷಕಿ. ಹೋದ ವರ್ಷ ಒಂದು ದಿನ ಬಂದು ಕೇಳಿದಳು.

"ಮೇಡಂ, ಯಾರ್ ಮುಖಾನೂ ಕಾಣ್ದೇ ಇದ್ರೆ ಓದ್ತಾಳೆ ಅನ್ಸುತ್ತೆ. ಬೀರು ಬಾಗ್ಲು ತೆಗ್ದು ಅದ್ರ ಹಿಂದೆ ನಿಲ್ಲಿಸ್ಲಾ?"

"ನಿಲ್ಸು. ಆ ಬಾಗ್ಲು ಕಿತ್ಕೊಂಡ್ ಬಿದ್ರೆ ರಿಪೋರ್ಟ್ ಮಾತ್ರ ನೀನೇ ಬರೀಬೇಕು."

ತರಗತಿಯ ಮೂಲೆಯಲ್ಲಿ ಒಂದು ಕಬ್ಬಿಣದ ಬೀರು ಇದೆ. ಅದರ ಬಾಗಿಲನ್ನು ಪೂರ್ತಿ ತೆರೆದರೆ ಗೋಡೆಗೂ ಬಾಗಿಲಿಗೂ ನಡುವೆ ಒಂದು ಮಗು ನಿಲ್ಲುವಷ್ಟು ಜಾಗ. ಹುಡುಗಿ ಅಲ್ಲಿ ನಿಂತಳು. ಮೊದಲ ದಿನ ಏನೂ ಇಲ್ಲ. ನಾಲ್ಕನೇ ದಿನ ಬಾಗಿಲ ಹಿಂದಿನಿಂದ ಸಣ್ಣಗೆ ಒಂದು ಸಾಲು ಬಂತು. ಯಾರೋ ಕೂಗಿದರು: "ಮಿಸ್, ರೇಡಿಯೋ ಆನ್ ಆಯ್ತು!" ತರಗತಿಯೆಲ್ಲ ನಕ್ಕಿತು. ಬಾಗಿಲ ಹಿಂದಿನಿಂದಲೂ ನಗು ಕೇಳಿತು. ಅಂದಿನಿಂದ ಅವಳ ಹೆಸರೇ ರೇಡಿಯೋ. ಅತಿಥಿ ಶಿಕ್ಷಕಿ ಪಕ್ಕದಲ್ಲೇ ನಿಂತಿರುತ್ತಿದ್ದಳು. ವಾರಕ್ಕೊಮ್ಮೆ ಬಾಗಿಲನ್ನು ಇಷ್ಟಿಷ್ಟೇ ಮುಚ್ಚುತ್ತ, ಹುಡುಗಿಯ ಭುಜ, ಜಡೆ, ಕಿವಿ ಒಂದೊಂದಾಗಿ ಹೊರಗೆ ಕಾಣುವ ಹಾಗೆ ಮಾಡಿದಳು. ಈ ವರ್ಷ ಆಗಸ್ಟ್ ಹೊತ್ತಿಗೆ ಅರ್ಧ ಮುಖ ಕಾಣುತ್ತಿತ್ತು.

ಆಗ ವಲಯದ ಮುಖ್ಯ ಶಿಕ್ಷಕರ ಸಭೆ ನಡೆಯಿತು. ಕಗ್ಗದಾಸಪುರದ ಕಡೆಯ ಒಂದು ಶಾಲೆಯಿಂದ ಒಬ್ಬರು ಮೇಷ್ಟ್ರು ಬಂದಿದ್ದರು. ಅವರ ಶಾಲೆಯ ಇಬ್ಬರಿಗೆ ವರ್ಗವಾಗಿ ಐದು ತರಗತಿಗೂ ಅವರೊಬ್ಬರೇ ಉಳಿದಿದ್ದರು. ಲಾಕ್‌ಡೌನಿನಲ್ಲಿ ಸ್ಕೂಟರಿನ ಮೇಲೆ ಅಕ್ಕಿ ಹೇರಿಕೊಂಡು ಮಕ್ಕಳ ಮನೆಗಳಿಗೆ ಹೋಗಿ ಕೊಟ್ಟುಬಂದ ಮನುಷ್ಯ. ಎದ್ದು ನಿಂತು ಅಂಕಿಅಂಶ ಓದಬೇಕಾದವರು ಹಾಳೆ ಮಡಚಿಟ್ಟುಬಿಟ್ಟರು.

"ಗೇಟ್ ಹತ್ರ ಬಂದ್ರೆ ಎದೆ ಢವಢವ ಅನ್ನತ್ತೆ ಸಾರ್. ವಾಪಸ್ ಹೋಗ್ಬಿಡೋಣ ಅನ್ಸುತ್ತೆ. ಮೊನ್ನೆ ಗಂಟೆ ಹೊಡ್ಯೋಕೆ ಕೈ ಎತ್ತಕ್ಕಾಗ್ಲಿಲ್ಲ," ಎಂದು ಎಲ್ಲರೆದುರು ಅತ್ತರು.

ಅಧಿಕಾರಿ ಕೇಳಿದರು: "ಯಾರಾದ್ರೂ ಒಬ್ಬ ಟೀಚರ್ ಕೊಡ್ತೀರಾ?"

ಎಲ್ಲರೂ ಟೀ ಲೋಟದೊಳಗೆ ನೋಡುತ್ತ ಕೂತರು. ಯಾರ ಬಳಿಯೂ ಹೆಚ್ಚಿನವರಿರಲಿಲ್ಲ. ನನ್ನ ಬಳಿಯೂ ಇರಲಿಲ್ಲ. ಆದರೂ ನನ್ನ ಕೈ ಮೇಲೆ ಹೋಯಿತು. "ನಮ್ಮ ಅತಿಥಿ ಶಿಕ್ಷಕೀನ ವಾರಕ್ಕೆರಡು ದಿನ ಕಳಿಸ್ತೀನಿ," ಎಂದೆ. ಅವಳ ಕೋಣೆಯಿಂದ ಆ ಶಾಲೆಗೆ ನಡೆದೇ ಹೋಗಬಹುದು, ಅವಳಿಗೂ ಅನುಕೂಲ, ಎಂದೆಲ್ಲ ನನಗೆ ನಾನೇ ಹೇಳಿಕೊಂಡೆ.

ಎರಡು ದಿನ ನಾಲ್ಕಾಯಿತು. ಮುಂದಿನ ತಿಂಗಳು, ಈ ಸಾಲಿನ ಕೊನೆಯವರೆಗೆ ಅಲ್ಲೇ ಎಂದು ಆದೇಶ ಬಂತು. ಓದಿ ನನ್ನ ಸಹೋದ್ಯೋಗಿ ಕೈಮುಗಿದರು.

"ಕರ್ಣನ ಸ್ವಂತ ತಂಗಿ ನೀವು ಮೇಡಂ. ಅವ್ನು ತನ್ ಕಿವೀದು ಕಿತ್ಕೊಟ್ಟ, ನೀವು ನಮ್ ಕಿವೀದೂ ಕಿತ್ಕೊಟ್ರಿ."

ನಗುತ್ತಲೇ ಹೇಳಿದರು. ಮಧ್ಯಾಹ್ನ ನೋಡಿದರೆ ಮೂರು ತರಗತಿಯ ಪುಸ್ತಕಗಳ ನಡುವೆ ತಲೆ ಹಿಡಿದುಕೊಂಡು ಕೂತಿದ್ದರು.

ಬೀರುವಿನ ಬಾಗಿಲು ಬಿಡಬಾರದು ಎಂದು ನಾನೇ ನಿಂತೆ. ದಿನಾ ಊಟಕ್ಕೆ ಮುಂಚೆ ಹತ್ತು ನಿಮಿಷ. ಹುಡುಗಿ ಬಾಗಿಲನ್ನು ಮತ್ತೆ ಪೂರ್ತಿ ತೆರೆದುಕೊಂಡಳು. ನಾನು ಬೇಡವೆನ್ನಲಿಲ್ಲ. ಒಂದು ವಾರ ಓದಿದಳು, ದನಿ ಸಣ್ಣದು, ಆದರೂ ಓದಿದಳು.

ಎರಡನೇ ವಾರದ ಮಂಗಳವಾರ. ಅವಳು ಪಾಠದ ಎರಡನೇ ಪುಟದಲ್ಲಿದ್ದಾಗ ಕಚೇರಿಯಿಂದ ಫೋನು. ಒಳಗೆ ಕೇಳಿಸದೆ ಬಾಗಿಲಿಗೆ ಓಡಿದೆ.

"ಮೇಡಂ, ನಿಮ್ ಶಾಲೇದು ಊಟದ ಎಂಟ್ರಿ ಇನ್ನೂ ಬಂದಿಲ್ಲ. ಮೇಲಿಂದ ಕೇಳ್ತಿದಾರೆ, ಈಗ್ಲೇ ಹಾಕಿ."

ತಿರುಗಿ ತರಗತಿಗೆ "ಎಲ್ಲಾ ಊಟಕ್ಕೆ ಹೋಗಿ" ಎಂದೆ. ಬೀರುವಿನ ಕಡೆಗೆ "ನೀನು ಓದ್ತಾ ಇರು, ಬಂದೆ" ಎಂದೆ. ಕಾಂಪೌಂಡಿನ ಮೂಲೆಗೆ ಹೋಗಿ ತುಂಬಿದೆ. ಹಾಜರಿದ್ದವರು ಇಷ್ಟು, ಮೊಟ್ಟೆ ತಿಂದವರು ಇಷ್ಟು, ಬಾಳೆಹಣ್ಣು ಇಷ್ಟು. ಬಂದವರೆಲ್ಲ ತಿನ್ನುತ್ತಾರೆಂಬ ಲೆಕ್ಕದಲ್ಲೇ ನಾವು ಮೊದಲೇ ತುಂಬುವುದು. ಅಷ್ಟರಲ್ಲಿ ಒಂದನೇ ತರಗತಿಯ ಮಗುವೊಂದು ವರಾಂಡದಲ್ಲಿ ವಾಂತಿ ಮಾಡಿಕೊಂಡಿತು. ಬಾಯಿ ತೊಳೆಸಿದೆ, ನೆಲ ತೊಳೆದೆ, ಅದರ ತಾಯಿಗೆ ಫೋನು ಮಾಡಿ ಬರುವವರೆಗೆ ತೊಡೆಯ ಮೇಲೆ ಮಲಗಿಸಿಕೊಂಡೆ. ನಿಂತುಕೊಂಡೇ ಎರಡು ತುತ್ತು ತಿಂದೆ. ಗಂಟೆ ಹೊಡೆದೆ. ಮಕ್ಕಳು ಒಳಗೆ ಬಂದರು, ಹಲಗೆಯ ಮೇಲೆ ಲೆಕ್ಕ ಬರೆದೆ, ಎರಡು ಲೆಕ್ಕ ಮುಗಿಯಿತು.

ಯಾರೋ ಒಬ್ಬರು ಮೆಲ್ಲಗೆ ಅಂದರು: "ಮಿಸ್, ರೇಡಿಯೋ ಇನ್ನೂ ಅಲ್ಲೇ ಇದೆ."

ಬಾಗಿಲ ಕೆಳಗೆ ಎರಡು ಪಾದ ಕಾಣುತ್ತಿದ್ದವು. ಪಾದಗಳ ಸುತ್ತ ನೆಲ ಒದ್ದೆಯಾಗಿತ್ತು.

ಬಾಗಿಲು ಸರಿಸಿದೆ. ಪುಸ್ತಕವನ್ನು ಎದೆಗೊತ್ತಿಕೊಂಡು ನಿಂತಿದ್ದಳು. ಆಗ ನಾನು ಮಾಡಬೇಕಾದದ್ದು ಏನೆಂದು ಇಪ್ಪತ್ತೆರಡು ವರ್ಷದ ಮೇಷ್ಟ್ರಗಿರಿಗೆ ಗೊತ್ತಿರಬೇಕಿತ್ತು. ನಾನು ಜೋರು ಮಾಡಿದೆ. "ಯಾಕೆ ಹೊರಗ್ ಬರ್ಲಿಲ್ಲ? ಬಾಯಿಲ್ವಾ ನಿಂಗೆ?" ಎಂದೆ. ನನ್ನ ಮೇಲಿನ ಸಿಟ್ಟು ಅವಳ ಮೇಲೆ ಹೋಯಿತು.

"ನೀವೇ ಓದ್ತಾ ಇರು ಅಂದ್ರಿ ಮಿಸ್," ಎಂದಳು.

ತರಗತಿಯ ಮುಂದೆ, ಪೂರ್ತಿ ಮುಖ ಕಾಣುವಂತೆ ನಿಂತು, ಎಲ್ಲರಿಗೂ ಕೇಳುವಂತೆ ಅವಳು ಆಡಿದ ಮೊದಲ ಮಾತು ಅದು.

ಅವಳಿಗೆ ಅನ್ನ ಉಳಿದಿತ್ತು, ಮೊಟ್ಟೆ ಉಳಿದಿರಲಿಲ್ಲ. ಅನ್ನವನ್ನೂ ಮುಟ್ಟಲಿಲ್ಲ. ಸಂಜೆ ಆ ದಿನದ ಎಂಟ್ರಿ ತಿದ್ದಲು ನೋಡಿದೆ, ಆಪ್ ಆಗುವುದಿಲ್ಲ ಎಂದಿತು. ಅವತ್ತಿನ ದಾಖಲೆಯಲ್ಲಿ ಅವಳು ಊಟ ಮಾಡಿದ್ದಾಳೆ, ಮೊಟ್ಟೆ ತಿಂದಿದ್ದಾಳೆ.

ಬುಧವಾರ ಬರಲಿಲ್ಲ. ಶುಕ್ರವಾರವೂ ಬಾರದಿದ್ದಾಗ ಸಂಜೆ ಮನೆಗೆ ಹೋದೆ. ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಒಂದೇ ಕೋಣೆ. ತಂದೆ ಪೇಂಟಿಂಗ್ ಕೆಲಸಕ್ಕೆ ಹೋಗಿದ್ದ. ಹುಡುಗಿ ತಮಿಳಿನಲ್ಲಿ ಪಾಟಿ ಎಂದು ಕರೆಯುವ ಅಜ್ಜಿ ಹೊಸ್ತಿಲಲ್ಲಿ ಕೂತು ಕನಕಾಂಬರ ಕಟ್ಟುತ್ತಿದ್ದರು.

"ಬನ್ನಿ ಮಿಸ್ಸಮ್ಮ, ಕೂತ್ಕೊಳ್ಳಿ. ಅವ್ಳು ಇಲ್ಲಿಲ್ಲ, ಕೆ.ಆರ್. ಪುರಕ್ಕೋದ್ಲು, ಅವ್ಳತ್ತೆ ಮನೆಗೆ."

"ಏನಾಯ್ತು ಅಂತ ಹೇಳಿದ್ಲಾ ಅಜ್ಜಿ?"

"ಏನೂ ಹೇಳಿಲ್ಲ. ಯೂನಿಫಾರ್ಮು ತಾನೇ ಒಗ್ದು ಹಾಕ್ದ್ಲು. ನಾಳೆಯಿಂದ ನಾನು ಹೋಗಲ್ಲ ಪಾಟಿ ಅಂದ್ಲು, ಅಷ್ಟೆ."

ಏನಾಯಿತೆಂದು ನಾನೇ ಹೇಳಿದೆ. ಅಜ್ಜಿಯ ಬೆರಳುಗಳು ಒಂದು ಗಂಟು ತಪ್ಪಿ ಮತ್ತೆ ಕಟ್ಟಿದವು.

"ಅಲ್ಲಿ ಸ್ಕೂಲಿಗೆ ಸೇರಿಸ್ತಾರಾ?"

"ಸೇರಿಸ್ತಾಳೆ. ಅವ್ಳಿಗೂ ಕೈಕೂಸು, ಆರ್ ತಿಂಗ್ಳದು. ಅದು ಸ್ವಲ್ಪ ದೊಡ್ಡದಾಗ್ಲಿ ಅಂದವ್ಳೆ."

ಕೂಸು ನೋಡಿಕೊಳ್ಳಲು ನಿಂತ ಹುಡುಗಿ ತಿರುಗಿ ಶಾಲೆಗೆ ಬಂದದ್ದನ್ನು ನಾನು ಹೆಚ್ಚು ಕಂಡಿಲ್ಲ. ಅಜ್ಜಿಯ ಕೈ ಹಿಡಿದುಕೊಂಡು ಕೇಳಿದೆ. "ಒಂದು ವಾರ ಕೊಡಿ ಅಜ್ಜಿ. ಆ ಚಿಕ್ಕ ಮಿಸ್ಸನ್ನ ವಾಪಸ್ ಕರೆಸ್ತೀನಿ."

"ಆ ಮಿಸ್ಸು ಬಂದ್ರೆ ಬತ್ತಾಳೆ," ಎಂದರು ಅಜ್ಜಿ. ಮತ್ತೆ ಹೂವು ಎತ್ತಿಕೊಳ್ಳುತ್ತ, "ನೀವೂ ಒಳ್ಳೇವ್ರೇ ಮಿಸ್ಸಮ್ಮ. ನಿಮ್ಗೆ ಕೈ ಎರಡೇ ಅದೆ, ಏನ್ ಮಾಡೋದು," ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಶನಿವಾರ, ಬೆಳಗಿನ ಶಾಲೆ ಮುಗಿಸಿ ಕಗ್ಗದಾಸಪುರಕ್ಕೆ ಹೋದೆ. ಮಾತು ಬಾಯಿಪಾಠ ಮಾಡಿಕೊಂಡೇ ಹೋದೆ: ನಮ್ಮ ಟೀಚರನ್ನು ವಾರಕ್ಕೆ ಮೂರು ದಿನವಾದರೂ ಬಿಟ್ಟುಕೊಡಿ. ಮೇಷ್ಟ್ರು ಅಂಗಳದಲ್ಲಿದ್ದರು. ಮಕ್ಕಳು ಹೋಗಿದ್ದರೂ ಅವರು ಹೋಗಿರಲಿಲ್ಲ, ಗಿಡಗಳಿಗೆ ನೀರು ಹಾಕುತ್ತಿದ್ದರು. ನನ್ನನ್ನು ಕಂಡು ಪೈಪು ಬಿಟ್ಟು ಓಡಿ ಬಂದರು.

"ಬನ್ನಿ ಮೇಡಂ, ಬನ್ನಿ! ನಿಮ್ಮಿಂದ ನಂಗೆ ಕಣ್ತುಂಬ ನಿದ್ದೆ ಬರ್ತಿದೆ. ನನ್ ಹೆಂಡ್ತಿ ನಿಮ್ಗೆ ಸೀರೆ ಉಡಿಸ್ಬೇಕು ಅಂತಿದಾಳೆ."

ಕಾಫಿ ಕುಡಿದೆ. ಗಿಡ ಚೆನ್ನಾಗಿ ಬಂದಿವೆ ಎಂದಷ್ಟೇ ಹೇಳಿದೆ. ಗೇಟಿನವರೆಗೆ ಬಿಡಲು ಬಂದ ಅತಿಥಿ ಶಿಕ್ಷಕಿಗೆ ಎಲ್ಲ ಹೇಳಿದೆ. ಅವಳು ದುಪಟ್ಟಾದಿಂದ ಮೂಗು ಒರೆಸಿಕೊಂಡಳು.

"ಕರೀರಿ ಮೇಡಂ, ಬಂದ್ಬಿಡ್ತೀನಿ. ಆದ್ರೆ ಇಲ್ಲೂ ನಾಲ್ಕ್ ಜನ ಹಂಗೇ ಇದಾರೆ. ಸಾರ್‌ಗೂ ಈಗಷ್ಟೇ ಧೈರ್ಯ ಬಂದಿದೆ." ಆಮೇಲೆ ಅವಳೇ, "ಶನಿವಾರ ಮಧ್ಯಾಹ್ನ ನಿಮ್ಮಲ್ಲಿಗ್ ಬಂದು ಓದಿಸ್ಲಾ?" ಎಂದಳು.

ಆ ಒಂದು ಎಳೆ ಹಿಡಿದುಕೊಂಡು ಬಸ್ ಸ್ಟಾಪಿನಿಂದಲೇ ಹುಡುಗಿಯ ತಂದೆಯ ಫೋನಿಗೆ ಕರೆ ಮಾಡಿದೆ. ಅವನು ಅಜ್ಜಿಗೆ ಕೊಟ್ಟ.

"ವಾರಕ್ಕೊಂದ್ಸಲಕ್ಕೆ ಕೆ.ಆರ್. ಪುರದಿಂದ ಯಾರ್ ಕರ್ಕೊಂಡ್ ಬತ್ತಾರೆ ಮಿಸ್ಸಮ್ಮ? ಬಿಡಿ. ಟಿ.ಸಿ. ಬರ್ದಿಡಿ."

ಇವತ್ತು ಅಜ್ಜಿ, ಹುಡುಗಿ ಇಬ್ಬರೂ ಬಂದರು. ಹುಡುಗಿ ಬಣ್ಣದ ಫ್ರಾಕು ತೊಟ್ಟಿದ್ದಳು, ಸೊಂಟದ ಮೇಲೆ ಅತ್ತೆಯ ಕೂಸಿತ್ತು. ಕೂಸು ಜಾರಿದಾಗಲೆಲ್ಲ ಸೊಂಟವನ್ನು ಓರೆ ಮಾಡಿ ಎತ್ತಿಕೊಳ್ಳುವುದನ್ನು ಎರಡು ವಾರದಲ್ಲೇ ಕಲಿತಿದ್ದಳು. ನಾಲ್ಕು-ಐದನೇ ತರಗತಿಗೆ ಚಿತ್ರ ಬರೆಯಲು ಹೇಳಿ ಬಂದು ಟಿ.ಸಿ. ಪುಸ್ತಕ ತೆಗೆದೆ. ಹೆಸರು, ಹುಟ್ಟಿದ ದಿನ, ತಾಯಿಯ ಹೆಸರು. ನಡತೆ: ಉತ್ತಮ. 'ಶಾಲೆ ಬಿಡಲು ಕಾರಣ' ಎಂಬಲ್ಲಿ ಪೆನ್ನು ನಿಂತಿತು. ಎಲ್ಲರೂ ಬರೆಯುವ ಹಾಗೆ 'ವಾಸಸ್ಥಳ ಬದಲಾವಣೆ' ಎಂದು ಬರೆದೆ. ಕೆ.ಆರ್. ಪುರದ ಒಂದು ಶಾಲೆಯ ಹೆಡ್‌ಮಿಸ್ ಜೊತೆ ಮಾತಾಡಿದ್ದೆ. ಅವರ ನಂಬರನ್ನು ಚೀಟಿಯಲ್ಲಿ ಬರೆದು ಜೊತೆಗಿಟ್ಟೆ. "ನಮ್ಮಲ್ಲೂ ಟೀಚರ್ ಇಲ್ಲ ರೀ, ಆದ್ರೂ ಕಳ್ಸಿ," ಎಂದಿದ್ದರು.

ಅಜ್ಜಿ ಹೆಬ್ಬೆಟ್ಟು ಒತ್ತುತ್ತಿದ್ದಾಗ ಹುಡುಗಿಯ ಹತ್ತಿರ ಹೋದೆ.

"ಅವತ್ತು ತಪ್ಪು ನಂದು ಕಣೆ. ನಿನ್ ಮೇಲೆ ಕೂಗ್ಬಾರ್ದಿತ್ತು."

ಅವಳು ಕೂಸನ್ನು ಈ ಸೊಂಟದಿಂದ ಆ ಸೊಂಟಕ್ಕೆ ಬದಲಿಸಿದಳು.

"ಪರ್ವಾಗಿಲ್ಲ ಮಿಸ್," ಎಂದಳು.

ದೊಡ್ಡವರು ದೊಡ್ಡವರಿಗೆ ಹೇಳುವ ಹಾಗೆ ಹೇಳಿದಳು. ಕಿಟಕಿಯಿಂದ ಯಾರೋ "ರೇಡಿಯೋ ಬಂತು ಕಣ್ರೋ" ಎಂದು ಕೂಗಿದರು. ಅವಳು ತಿರುಗಿ ನೋಡಲಿಲ್ಲ. ಅಜ್ಜಿ ಟಿ.ಸಿ.ಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಮಡಚಿಟ್ಟುಕೊಂಡು "ಬತ್ತೀವಿ ಮಿಸ್ಸಮ್ಮ" ಎಂದರು. ಗೇಟಿನವರೆಗೆ ಹೋಗಲು ಆಗಲಿಲ್ಲ, ತರಗತಿಯಲ್ಲಿ ಗಲಾಟೆ ಎದ್ದಿತ್ತು. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮೇಲೆ ಕೆಂಪು ಗೆರೆ ಎಳೆದು ಪಾಠಕ್ಕೆ ಹೋದೆ.

ಜೀವನ್ ಬಿಮಾ ನಗರದ ಮನೆಗೆ ಬಂದಾಗ ನಮ್ಮವರು ಬೇಳೆ ಬೇಯಿಸಿಟ್ಟಿದ್ದರು. ಪಾಲಕ್ ಹಾಕಿ ಹುಳಿ ಮಾಡಿದೆ, ಚಪಾತಿ ಲಟ್ಟಿಸಿದೆ. ನಡೆದದ್ದನ್ನು ಹೇಳಿದೆ. ಅವರು ಪೂರ್ತಿ ಕೇಳಿದರು.

"ಅವತ್ತು ಮೀಟಿಂಗಲ್ಲಿ ಕೈ ಎತ್ತಬಾರ್ದಿತ್ತು ಅನ್ಸುತ್ತಾ?" ಎಂದು ಕೇಳಿದರು.

"ಗೊತ್ತಿಲ್ಲ ರೀ. ಆ ಮೇಷ್ಟ್ರು ಮುಖ ನೋಡಿದ್ರೆ ನೀವೂ ಎತ್ತಿರ್ತಿದ್ರಿ."

"ಹ್ಞೂಂ. ತಿನ್ನು, ಆರೋಗತ್ತೆ," ಎಂದರು.

ಅವರು ಮೂರು ಚಪಾತಿ, ಸ್ವಲ್ಪ ಅನ್ನ ತಿಂದರು. ನಾನು ಒಂದು ಚಪಾತಿ ತಿಂದು ಮಜ್ಜಿಗೆ ಕುಡಿದೆ. ಉಳಿದ ಹುಳಿಯನ್ನು ಫ್ರಿಜ್ಜಿನಲ್ಲಿಟ್ಟೆ. ಅವರು ಮೊದಲು ಮಲಗಿದರು.