ಮೂವತ್ತೇಳು ತೋಟಾಗಳು

ಆರ್ಫಾ ಟಿಂಡಲ್‌ಳನ್ನು ಕಂಡರೆ ಕಾಲ್ಡರ್ ಕ್ರೀಕಿನಲ್ಲಿ ಯಾರಿಗೂ ಆಗುತ್ತಿರಲಿಲ್ಲ. ಅವಳಿಗೂ ಊರಿನವರನ್ನು ಕಂಡರೆ ಅಷ್ಟಕ್ಕಷ್ಟೆ. ಭಾನುವಾರ ಬೆಳಿಗ್ಗೆ ಬ್ಯಾಪ್ಟಿಸ್ಟ್ ಚರ್ಚಿನ ಕೊನೆಯ ಬೆಂಚಿನಲ್ಲಿ ಕೂರುವಳು, ಕೊನೆಯ ಕೀರ್ತನೆ ಶುರುವಾಗುವ ಮೊದಲೇ ಎದ್ದುಬಿಡುವಳು. ಬಾಗಿಲಲ್ಲಿ ನಿಲ್ಲುವ ಪಾದ್ರಿಯ ಕೈ ಕುಲುಕುವುದು ಅವಳಿಗೆ ಬೇಕಿರಲಿಲ್ಲ. ದೇವರ ಹತ್ತಿರ ನೇರವಾಗಿ ಮಾತಾಡುವಾಗ ನಡುವೆ ಈ ಮನುಷ್ಯ ಯಾಕೆ ಎಂದು ಕೇಳುತ್ತಿದ್ದಳು.

ಅರವತ್ತೆರಡು ವರ್ಷ ವಯಸ್ಸು. ಮದುವೆಯಾಗಿರಲಿಲ್ಲ. ಅಪ್ಪ ರೈಲ್ವೆ ಕಾರ್ಖಾನೆಯಲ್ಲಿ ಲೋಹ ತೀಡುವ ಕೆಲಸದವನು. ಮಗಳಿಗೆ ಬೊಂಬೆಯ ಬದಲು ಅರ ಕೊಟ್ಟ. ಎರಡು ಉಕ್ಕಿನ ತುಂಡುಗಳ ನಡುವೆ ಕೂದಲೆಳೆಯಷ್ಟು ಸಂದು ಉಳಿದಿದ್ದರೂ ಅವಳ ಬೆರಳಿಗೆ ಗೊತ್ತಾಗುತ್ತಿತ್ತು. ಬಂದೂಕಿನ ಕಾರ್ಖಾನೆಯಿಂದ ಬರುವ ಪಿಸ್ತೂಲು ಅಲ್ಲಾಡಿಸಿದರೆ ಗಿಲಕಿಯ ಹಾಗೆ ಸದ್ದು ಮಾಡುತ್ತದೆ. ಅದನ್ನೇ ಬಿಚ್ಚಿ, ಮೇಲೆ ಹಿಂದೆಮುಂದೆ ಜಾರುವ ಸ್ಲೈಡನ್ನು ವಾರಗಟ್ಟಲೆ ತೀಡಿ, ನಳಿಗೆಯನ್ನು ಹೊಸದಾಗಿ ಕೂರಿಸಿ, ಟ್ರಿಗರ್ ಹಗುರ ಮಾಡಿ ಅವಳು ವಾಪಸು ಕೊಟ್ಟರೆ, ಇಪ್ಪತ್ತೈದು ಗಜ ದೂರದಿಂದ ಹಾರಿಸಿದ ಐದು ಗುಂಡುಗಳು ಒಂದೇ ತೂತಿನಲ್ಲಿ ಹೋಗುತ್ತಿದ್ದವು.

ಹತ್ತೊಂಬತ್ತು ವರ್ಷ ಈ ಕೆಲಸವನ್ನು ಅವಳು ಲೈಲ್ ಕೆಸಿಂಜರ್‌ನ ಬಂದೂಕಿನಂಗಡಿಯ ಹಿಂಕೋಣೆಯಲ್ಲಿ ಮಾಡಿದಳು. ಹೊರಗೆ ಹೋದ ಪ್ರತಿಯೊಂದು ಪಿಸ್ತೂಲಿನ ಮೇಲೂ ಕೆಸಿಂಜರ್ ಎಂದೇ ಕೊರೆದಿರುತ್ತಿತ್ತು. ಒಂದು ದಿನ ಟೆಕ್ಸಸ್‌ನಿಂದ ಬಂದ ಗಿರಾಕಿಯೊಬ್ಬ ಹಿಂಕೋಣೆಗೆ ಇಣುಕಿ, "ಈಕೆ ಯಾರು?" ಎಂದ. "ಕಸ ಗುಡಿಸೋಕೆ ಬರ್ತಾಳೆ," ಎಂದ ಲೈಲ್. ಆರ್ಫಾ ಕೈಯಲ್ಲಿದ್ದ ಕೆಲಸ ಮುಗಿಸಿದಳು, ಎಣ್ಣೆ ಒರೆಸಿದಳು, ತನ್ನ ಅರಗಳನ್ನು ಏಪ್ರನ್ನಿನಲ್ಲಿ ಸುತ್ತಿಕೊಂಡು ಮನೆಗೆ ಹೋದಳು. ಅಂದಿನಿಂದ ಮನೆಯ ನೆಲಮಾಳಿಗೆಯೇ ಅವಳ ಅಂಗಡಿ. ಆರು ವರ್ಷದಲ್ಲಿ ಊರಿನ ಪಿಸ್ತೂಲು ಕ್ಲಬ್ಬಿನ ಒಳ್ಳೆಯ ಗುರಿಕಾರರೆಲ್ಲ ಒಬ್ಬೊಬ್ಬರಾಗಿ ಆ ನೆಲಮಾಳಿಗೆಯ ಮೆಟ್ಟಿಲು ಇಳಿದರು. ಪ್ರೀತಿಯಿಂದಲ್ಲ, ಗೆಲ್ಲಬೇಕೆಂಬ ಆಸೆಯಿಂದ. ಅವರಲ್ಲಿ ಮೊದಲಿಗ ವರ್ಲಿನ್ ಸ್ಟಾಡರ್ಡ್, ಮೂರು ವರ್ಷ ಸತತವಾಗಿ ಮಿಸೌರಿ ರಾಜ್ಯದ ಪಂದ್ಯ ಗೆದ್ದವನು.

ಆ ವರ್ಲಿನ್‌ನ ಪಿಸ್ತೂಲೇ, ಎಂಬತ್ತೇಳನೆಯ ಇಸವಿಯ ಏಪ್ರಿಲ್ ಕೊನೆಯ ಭಾನುವಾರ, ಪಂದ್ಯದ ನಡುವೆ ಅವನ ಕೈಯಲ್ಲೇ ಒಡೆಯಿತು.

ಸದ್ದು ಬೇರೆ ಥರ ಇತ್ತು ಎಂದು ಆಮೇಲೆ ಎಲ್ಲರೂ ಹೇಳಿದರು. ಹಿಡಿಯ ಎರಡೂ ಪಕ್ಕದ ಮರ ಸಿಡಿಯಿತು, ಹಿಡಿಯೊಳಗೆ ತೋಟಾ ತುಂಬಿದ್ದ ಡಬ್ಬಿ ನೆಲಕ್ಕೆ ಚಿಮ್ಮಿತು, ನಳಿಗೆ ಹೊಟ್ಟೆ ಉಬ್ಬಿಸಿಕೊಂಡು ನಿಂತಿತು. ವರ್ಲಿನ್‌ನ ಅಂಗೈ ಹರಿದು ಹನ್ನೊಂದು ಹೊಲಿಗೆ ಬಿತ್ತು. ರಕ್ತ ಸುರಿಯುವ ಕೈ ಹಿಡಿದುಕೊಂಡೇ ಅವನು ಕೂಗಿದ: "ಆ ಮುದುಕಿ ಬಂದೂಕು ನನ್ನ ಕೊಂದುಬಿಡ್ತಿತ್ತು!" ಎಲ್ಲರೂ ಅವನ ಕಡೆ ಓಡಿದರೆ, ಲೈಲ್ ಕೆಸಿಂಜರ್ ಮಾತ್ರ ಚೂರುಗಳ ಕಡೆ ಓಡಿದ. ಕರವಸ್ತ್ರದಲ್ಲಿ ಕಟ್ಟಿಕೊಂಡು ತನ್ನ ಅಂಗಡಿಗೆ ಒಯ್ದ. ನೋಡಬೇಕೆಂದು ಆರ್ಫಾ ಕೇಳಿದರೆ, "ಇದು ಸಾಕ್ಷಿ, ಮುಟ್ಟೋ ಹಾಗಿಲ್ಲ," ಎಂದ.

ಬುಧವಾರದ ಪ್ರಾರ್ಥನೆಯಲ್ಲಿ ಪಾದ್ರಿ ವರ್ಲಿನ್‌ನ ಕೈಗಾಗಿ ದೇವರನ್ನು ಬೇಡಿಕೊಂಡ. "ಅಹಂಕಾರದಿಂದ ಕೆಲಸ ಮಾಡುವವರಿಗಾಗಿಯೂ," ಎಂದು ಸೇರಿಸಿದ. ತಲೆಗಳು ಕೊನೆಯ ಬೆಂಚಿನ ಕಡೆ ತಿರುಗಿದವು. ಮರುದಿನ ಬೆಳಿಗ್ಗೆ ಕೆಫೆಯಲ್ಲಿ ಅವಳು ಕಾಫಿಗೆ ಕೂತಾಗ ಲೈಲ್ ಹಿಂದಿನ ಮೇಜಿನಿಂದ ಕೂಗಿದ.

"ಏನು ಮಿಸ್ ಆರ್ಫಾ, ಈ ವಾರ ಎಷ್ಟು ಕೈ ಹಾರಿಸಿದ್ರಿ?"

"ನಿನ್ನ ಬಾಯಿ ಇನ್ನೂ ಜಾಗದಲ್ಲೇ ಇದೆಯಲ್ಲ ಲೈಲ್. ಅದೊಂದೇ ನಂಗೆ ಬೇಜಾರು."

"ಕಸ ಗುಡಿಸೋರ ಕೈಗೆ ಅರ ಕೊಟ್ರೆ ಇನ್ನೇನಾಗುತ್ತೆ?"

"ಹತ್ತೊಂಬತ್ತು ವರ್ಷ ನಾನು ಗುಡಿಸಿದ ಕಸಕ್ಕೆ ನಿನ್ನ ಹೆಸರು ಕೊರೆದು ಮಾರಿದೆಯಲ್ಲಪ್ಪ. ಆಗ ನಾಚಿಕೆ ಆಗ್ಲಿಲ್ವಾ?"

ಯಾರೂ ನಗಲಿಲ್ಲ. ಕೆಫೆಯ ಹುಡುಗಿ ಆರ್ಫಾಳ ಮುಂದೆ ಗ್ರೇವಿ ಸುರಿದ ಬಿಸ್ಕತ್ತು-ಬನ್ನಿನ ತಟ್ಟೆಯನ್ನು ಕುಕ್ಕಿ ಹೋದಳು.

ಶನಿವಾರ ಕ್ಲಬ್ಬಿನ ಸಭೆ ಕರೆದಿದ್ದರು. ಆರ್ಫಾ ಟಿಂಡಲ್ ಕಟ್ಟಿದ ಯಾವ ಪಿಸ್ತೂಲನ್ನೂ ಕ್ಲಬ್ಬಿನ ಮೈದಾನದಲ್ಲಿ ಹಾರಿಸುವಂತಿಲ್ಲ ಎಂಬ ಗೊತ್ತುವಳಿ. ಅದು ಪಾಸಾದರೆ ಸುತ್ತಲಿನ ಮೂರು ಕೌಂಟಿಗಳಲ್ಲಿ ಅವಳ ಹತ್ತಿರ ಒಂದು ಸ್ಕ್ರೂ ಬಿಗಿಸಲೂ ಯಾರೂ ಬರುವುದಿಲ್ಲ. ಅವಳಿಗೆ ಬೇರೆ ಕಸುಬು ಬರುತ್ತಿರಲಿಲ್ಲ, ಬೇರೆ ಹೆಮ್ಮೆಯೂ ಇರಲಿಲ್ಲ.

ಸಭೆಯಲ್ಲಿ ಅವಳು ಕೇಳಿದ್ದು ಒಂದೇ: ಆ ದಿನ ವರ್ಲಿನ್ ಹಾರಿಸುತ್ತಿದ್ದ ತೋಟಾಗಳ ಪೆಟ್ಟಿಗೆ. ಐವತ್ತರಲ್ಲಿ ಹದಿಮೂರು ಖರ್ಚಾಗಿದ್ದವು. ಉಳಿದ ಮೂವತ್ತೇಳನ್ನು ಎಲ್ಲರೆದುರು ಬಿಚ್ಚಬೇಕು.

ಈ ಮಾತು ವರ್ಲಿನ್‌ನನ್ನು ಕೆಣಕಿತು. ಅಂಗಡಿಯ ತೋಟಾ ಕೊಂಡು ಹೊಡೆಯುವವನನ್ನು ಆ ಕ್ಲಬ್ಬಿನಲ್ಲಿ ಗುರಿಕಾರನೆಂದೇ ಲೆಕ್ಕಿಸುತ್ತಿರಲಿಲ್ಲ. ಖಾಲಿ ಹಿತ್ತಾಳೆ ಕವಚಗಳನ್ನು ಆಯ್ದು ತಂದು, ತೊಳೆದು, ಮದ್ದು ಅಳೆದು, ಗುಂಡು ಕೂರಿಸಿ ತನ್ನ ತೋಟಾ ತಾನೇ ತುಂಬಿಕೊಳ್ಳಬೇಕು. ಇನ್ನೊಬ್ಬರು ತುಂಬಿದ್ದನ್ನು ಯಾರೂ ಮುಟ್ಟುತ್ತಿರಲಿಲ್ಲ. ಅಣ್ಣ ತುಂಬಿದ್ದನ್ನು ತಮ್ಮನೂ ಹಾರಿಸುತ್ತಿರಲಿಲ್ಲ. ವರ್ಲಿನ್‌ ಅಂತೂ ತನ್ನ ತೋಟಾಗಳ ಬಗ್ಗೆ ಪಾಠ ಮಾಡುತ್ತಿದ್ದವನು.

"ಬಿಚ್ಚಿ," ಎಂದ ಅವನು, ಬ್ಯಾಂಡೇಜಿನ ಕೈ ಎದೆಗೆ ಒತ್ತಿಕೊಂಡು. "ಒಂದು ಕಾಳು ಹೆಚ್ಚುಕಮ್ಮಿ ಇದ್ರೆ ನನ್ನ ಹೆಸರು ಬದಲಾಯಿಸಿ."

ಕ್ಲಬ್ಬಿನ ಅಧ್ಯಕ್ಷ ಹಾಯ್ಟ್, ಊರಿನ ಪಶುವೈದ್ಯ, ತಾನೇ ಬಿಚ್ಚಲು ಕೂತ. ಸುತ್ತಿಗೆಯಂಥ ಸಲಕರಣೆಯೊಳಗೆ ತೋಟಾ ಸಿಕ್ಕಿಸಿ ಮರದ ದಿಮ್ಮಿಗೆ ಬಡಿದರೆ ಗುಂಡು ಕಳಚಿ, ಮದ್ದು ಉದುರುತ್ತದೆ. ಅದನ್ನು ಪುಟ್ಟ ತಕ್ಕಡಿಯ ತಟ್ಟೆಗೆ ಸುರಿಯುವನು. ಮುಳ್ಳು ನಿಂತ ಜಾಗ ಎಲ್ಲರೂ ನೋಡುವರು. ಮೊದಲನೆಯದು ಸರಿ ಇತ್ತು. ಹತ್ತನೆಯದೂ ಸರಿ. ಇಪ್ಪತ್ತಾಯಿತು. ಪ್ರತಿ ಬಡಿತಕ್ಕೂ ಯಾರೋ ಒಬ್ಬರು "ಆಮೆನ್" ಎನ್ನತೊಡಗಿದರು, ಉಳಿದವರು ನಕ್ಕರು. ದೇವರ ಮಾತು ಹೀಗೆ ಬಳಕೆಯಾದದ್ದಕ್ಕೆ ಆರ್ಫಾಳ ಮುಖ ಗಂಟಾಯಿತು, ಆದರೆ ಅವಳ ಕಣ್ಣು ತಕ್ಕಡಿಯಿಂದ ಕದಲಲಿಲ್ಲ.

"ಸಾಕು ಬಿಡಿ ಮಿಸ್ ಆರ್ಫಾ, ನಮಗೂ ಮನೆ ಮಠ ಇದೆ," ಎಂದ ಲೈಲ್.

"ನಿನ್ನನ್ನ ಯಾರು ಹಿಡ್ಕೊಂಡಿದ್ದಾರೆ? ಹೊರಡು."

ಮೂವತ್ತೊಂದನೆಯದನ್ನು ಹಾಯ್ಟ್ ಬಡಿದ. ಗುಂಡು ಕಳಚಿತು. ತಟ್ಟೆಗೆ ಸುರಿದ, ಏನೂ ಬೀಳಲಿಲ್ಲ. ಕವಚವನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದ.

"ಖಾಲಿ," ಎಂದ.

ಆಮೆನ್ ಹೇಳುತ್ತಿದ್ದವನು ಬಾಯಿ ಮುಚ್ಚಿದ.

"ಸರಿ, ಒಂದು ಖಾಲಿ," ಎಂದ ಲೈಲ್. "ಖಾಲಿ ತೋಟಾ ಪಿಸ್ತೂಲು ಒಡೆಯುತ್ತಾ?"

"ಇದು ಒಡೆಯಲ್ಲ. ಇದರ ಪಾಲಿನ ಮದ್ದು ಎಲ್ಲಿಗೆ ಹೋಯ್ತು ಅಂತ ಕೇಳು."

ಆರ್ಫಾ ಎದ್ದು, ಕಪಾಟಿನಲ್ಲಿದ್ದ ತೂತುಗಳ ಮರದ ಹಲಗೆ ತಂದು ಮೇಜಿನ ಮೇಲಿಟ್ಟಳು. ಹತ್ತು ಕವಚ ಸಾಲಾಗಿ ನಿಲ್ಲಿಸಿದಳು. ಕಾಫಿಯ ಸಕ್ಕರೆ ಡಬ್ಬಿಯಿಂದ ಚಿಟಿಕೆ ಚಿಟಿಕೆ ತೆಗೆದು ಒಂದೊಂದಕ್ಕೂ ಹಾಕುತ್ತಾ ಎಣಿಸಿದಳು. "ಒಂದು, ಎರಡು, ಮೂರು, ನಾಲ್ಕು. ಈಗ ಯಾರೋ ಕರೆದ್ರು. ಎದ್ದು ಹೋದೆ, ಬಂದೆ. ನಾಲ್ಕಾಗಿದೆ ಅಂತ ಲೆಕ್ಕ ನೆನಪಿದೆ, ಕೈ ಯಾವುದರ ಮೇಲಿತ್ತು ಅನ್ನೋದು ಮರೆತಿದೆ." ಐದನೆಯ ಚಿಟಿಕೆಯನ್ನು ಮತ್ತೆ ನಾಲ್ಕನೆಯ ಕವಚಕ್ಕೇ ಹಾಕಿದಳು. "ಐದು. ಆರು. ಏಳು." ಹತ್ತು ಎಂದಾಗ ಅವಳ ಕೈ ಒಂಬತ್ತನೆಯದರ ಮೇಲಿತ್ತು. "ಹತ್ತಾಯ್ತು ಅಂತ ಮುಂದಿನ ಸಾಲಿಗೆ ಹೋಗ್ತೀನಿ. ಒಂದರಲ್ಲಿ ಎರಡು ಪಾಲು, ಒಂದರಲ್ಲಿ ಏನೂ ಇಲ್ಲ. ಖಾಲಿಯದು ಪೆಟ್ಟಿಗೇಲಿ ಉಳೀತು. ಎರಡು ಪಾಲಿಂದು ಭಾನುವಾರ ಇವನ ಕೈಗೆ ಬಂತು."

ಕೋಣೆಯಲ್ಲಿದ್ದವರೆಲ್ಲ ತೋಟಾ ತುಂಬುವವರೇ. ಒಬ್ಬಿಬ್ಬರು ತಲೆ ತಗ್ಗಿಸಿದರು, ತಮ್ಮ ಹಲಗೆಗಳು ನೆನಪಾಗಿರಬೇಕು.

"ನನ್ನನ್ನ ಯಾರೂ ಕರೀಲಿಲ್ಲ!" ವರ್ಲಿನ್ ಮೇಜು ಗುದ್ದಿದ, ಒಳ್ಳೆಯ ಕೈಯಿಂದ. "ನಾನು ತುಂಬೋವಾಗ ಮನೇಲಿ ಯಾರೂ ಉಸಿರೂ ಬಿಡಲ್ಲ. ಈ ಮುದುಕಿ ಕಥೆ ಕಟ್ತಿದ್ದಾಳೆ."

"ಫೋನ್ ಬಂದಿತ್ತು," ಎಂದಿತು ಒಂದು ಧ್ವನಿ.

ಕಾಫಿಯ ಪಾತ್ರೆಯ ಹತ್ತಿರ ವರ್ಲಿನ್‌ನ ಹೆಂಡತಿ ವಿಲ್ಡಾ ನಿಂತಿದ್ದಳು. ಸಭೆಗೆ ಕಾಫಿ, ಪೈ ತರುವುದು ಅವಳ ಪಾಲಿನ ಕೆಲಸ. ಅವಳು ಸಕ್ಕರೆ ತುಂಬಿದ ಆ ಹತ್ತು ಕವಚಗಳನ್ನೇ ನೋಡುತ್ತಿದ್ದಳು.

"ಪಂದ್ಯದ ಹಿಂದಿನ ಗುರುವಾರ. ನಿಮ್ಮಮ್ಮ ಮಾಡಿದ್ರು. ಮಂಡಿ ನೋವು ಅಂತ."

"ವಿಲ್ಡಾ, ಕಾಫಿ ನೋಡ್ಕೋ."

"ಎದ್ದು ಹೋಗಿ ಬಂದವಳು ನಾನು, ವರ್ಲಿನ್. ದೀಪ ಹಿಡಿದು ಕವಚಗಳೊಳಗೆ ನೋಡಲಿಲ್ಲ. ಒಲೆ ಮೇಲೆ ಅಡುಗೆ ಇತ್ತು."

"ಬಾಯಿ ಮುಚ್ಚು ಅಂದೆ!"

"ನೀನು ಯಾವತ್ತು ತುಂಬಿದ್ದೀಯ? ಒಂಬತ್ತು ವರ್ಷದಿಂದ ನಾನೇ ತುಂಬ್ತಿರೋದು."

ಹಿಂದಿನ ಸಾಲಿನಿಂದ ಒಬ್ಬ, "ವರ್ಲಿನ್, ಶೂ ಲೇಸೂ ಅವಳೇ ಕಟ್ತಾಳಾ?" ಎಂದ. ಕೋಣೆಯಲ್ಲಿ ಎದ್ದ ನಗು ಕೇಳುವಂತಿರಲಿಲ್ಲ. ವಾರವಿಡೀ ಆರ್ಫಾಳನ್ನು ಕಚ್ಚಿದ ಬಾಯಿಗಳೇ ಈಗ ವರ್ಲಿನ್‌ನನ್ನು ಕಚ್ಚಿದವು. ಅವನು ಯಾರ ಮುಖವನ್ನೂ ನೋಡದೆ ಹೊರಗೆ ಹೋದ. ಗೊತ್ತುವಳಿಯನ್ನು ಹಾಯ್ಟ್ ಓದಲೇ ಇಲ್ಲ, ಮಡಿಸಿ ಜೇಬಿಗಿಟ್ಟುಕೊಂಡ. ಆರ್ಫಾಳಿಗೆ ಒಂದು ಕ್ಷಮೆಯ ಮಾತೂ ಯಾರಿಂದಲೂ ಬರಲಿಲ್ಲ.

ಹೊರಗೆ ಆರ್ಫಾ ತನ್ನ ಹಳೆಯ ಪಿಕಪ್ ಹತ್ತುವಾಗ ವಿಲ್ಡಾ ಬಂದು ಬಾಗಿಲು ಹಿಡಿದುಕೊಂಡಳು.

"ನಿಮಗೋಸ್ಕರ ಹೇಳಿದೆ ಅಂದ್ಕೋಬೇಡಿ."

"ಅಂದ್ಕೊಂಡಿಲ್ಲ."

"ಆರು ದಿನ ಆ ಗಾಯ ನಾನೇ ತೊಳೆದೆ. ನಿಮ್ಮನ್ನ ಶಪಿಸ್ತಾ ತೊಳೆದೆ." "ಇನ್ನು ಅವನು ನನ್ನ ಮುಖ ನೋಡ್ತಾನಾ?"

ಇಲ್ಲಿ ಒಂದು ಮೃದುವಾದ ಮಾತು ಸಾಕಾಗಿತ್ತು. ಆರ್ಫಾಳ ಬಾಯಿಗೆ ಅದು ಬರಲಿಲ್ಲ. ಅಂಥ ಮಾತು ಅವಳಿಗೆ ಯಾರೂ ಕಲಿಸಿರಲಿಲ್ಲ. "ಗುಂಡು ಕೂರಿಸೋ ಮುಂಚೆ ದೀಪ ಹಿಡಿದು ಐವತ್ತನ್ನೂ ನೋಡಬೇಕು," ಎಂದಳು. "ಒಲೆ ಮೇಲೆ ಏನೇ ಇರ್ಲಿ."

"ನಿಮ್ಮ ಬೋಧನೆ ನೀವೇ ಇಟ್ಕೊಳ್ಳಿ," ಎಂದು ವಿಲ್ಡಾ ಬಾಗಿಲು ಬಡಿದು ಹೋದಳು.

ಜೂನ್ ತಿಂಗಳ ಒಂದು ಮಧ್ಯಾಹ್ನ ವರ್ಲಿನ್ ನೆಲಮಾಳಿಗೆಯ ಮೆಟ್ಟಿಲಿಳಿದು ಬಂದ. ಹಲೋ ಎನ್ನಲಿಲ್ಲ. ಲೈಲ್‌ನಿಂದ ಬಿಡಿಸಿ ತಂದ ಚೂರುಗಳ ಗಂಟನ್ನು ಅವಳ ಬೆಂಚಿನ ಮೇಲೆ ಇಟ್ಟ.

ಆರ್ಫಾ ಒಂದೊಂದೇ ತುಂಡನ್ನು ಬೆಳಕಿಗೆ ಹಿಡಿದು ನೋಡಿದಳು. ತಾನು ಕೂರಿಸಿದ ಜೋಡಣೆ ಎಲ್ಲೂ ಬಿಟ್ಟುಕೊಟ್ಟಿರಲಿಲ್ಲ.

"ಸೆಪ್ಟೆಂಬರಿಗೆ ರಾಜ್ಯ ಪಂದ್ಯ," ಎಂದ ವರ್ಲಿನ್. "ಹೊಸದು ಕಟ್ಟಿಕೊಡ್ತೀಯಾ?"

"ತೋಟಾ ಯಾರು ತುಂಬ್ತಾರೆ?"

ಅವನು ಹೊಲಿಗೆಯ ಗುರುತಿದ್ದ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

"ಅವಳೇ ತುಂಬೋದಾದ್ರೆ ಅವಳನ್ನ ಕರ್ಕೊಂಡು ಬಾ. ಯಾವ ಮದ್ದು, ಎಷ್ಟು, ಯಾವ ಗುಂಡು ಅಂತ ತುಂಬೋರ ಹತ್ರ ಮಾತಾಡಿ ಕಟ್ತೀನಿ. ಪೆಟ್ಟಿಗೆ ಮೇಲೆ ಅವಳ ಹೆಸರು ಬರೀಬೇಕು, ಪಂದ್ಯದ ದಿನ ಅದೇ ಪೆಟ್ಟಿಗೆ ಮೇಜಿನ ಮೇಲೆ ಇಡಬೇಕು."

"ಎಲ್ಲರೆದುರಿಗೆ?"

"ನನ್ನ ಬಂದೂಕು ಕೆಟ್ಟದು ಅಂತ ನೀನು ಎಲ್ಲಿ ಕೂಗಿದ್ದು? ಎಲ್ಲರೆದುರಿಗೇ ತಾನೇ?"

ವರ್ಲಿನ್ ಚೂರುಗಳನ್ನು ಮತ್ತೆ ಬಟ್ಟೆಗೆ ತುಂಬಿಕೊಂಡ. "ಲೈಲ್ ಇಂಥದ್ದೆಲ್ಲ ಕೇಳಲ್ಲ," ಎಂದ.

"ಗೊತ್ತು. ಅವನಿಗೆ ಹೋಗಿ ಹೇಳು, ಸ್ಲೈಡಿನ ಎಡಗಡೆ ಮೊದಲು ತೀಡಬೇಕು ಅಂತ. ಅದನ್ನ ಅವನು ಯಾವತ್ತೂ ಕಲೀಲಿಲ್ಲ."

ಅವನು ಮೆಟ್ಟಿಲು ಹತ್ತಿ ಹೋದ. ಆ ವರ್ಷ ಆರ್ಫಾ ಟಿಂಡಲ್ ಕಟ್ಟಿದ್ದು ಎರಡೇ ಪಿಸ್ತೂಲು. ಎರಡನ್ನೂ ಕ್ಲಬ್ಬಿನ ಮೈದಾನದಲ್ಲಿ ಹಾರಿಸಿದರು, ಯಾರೂ ತಡೆಯಲಿಲ್ಲ.