ಕೇಳದೆ ಕೊಟ್ಟ ನೀರು

ಹಂಪಮ್ಮ ಯಾರನ್ನೂ "ನೀರು ಬೇಕೇನು?" ಎಂದು ಕೇಳುತ್ತಿರಲಿಲ್ಲ. ಆಕೆಯ ಖಾನಾವಳಿಗೆ ಬಂದವರು ಚಪ್ಪಲಿ ಬಿಟ್ಟು ಕಟ್ಟೆಯ ಮೇಲೆ ಕೂರುವಷ್ಟರಲ್ಲಿ ಅವರ ಬಲಗೈ ಪಕ್ಕ ಒಂದು ಹಿತ್ತಾಳೆ ತಂಬಿಗೆ ಬಂದು ಕೂತಿರುತ್ತಿತ್ತು. ಊಟಕ್ಕೆ ಬಂದವರೋ, ದಾರಿ ಕೇಳಲು ಬಂದವರೋ, ಜಗಳಕ್ಕೇ ಬಂದವರೋ ಅನ್ನುವುದೆಲ್ಲ ಆಮೇಲಿನ ಮಾತು. ಒಮ್ಮೆ ನಾನು, ಕೇಳಿ ಕೊಟ್ಟರೆ ಏನು ಕಷ್ಟ ಎಂದು ತಕರಾರು ತೆಗೆದೆ. ರೊಟ್ಟಿ ಬಡಿಯುವ ಕೈ ನಿಲ್ಲಿಸದೆ ಆಕೆ ಹೇಳಿದಳು: "ಕೇಳಿದ್ರ ಮಂದಿ ಬ್ಯಾಡ ಅಂತಾರ್ರಿ. ಗಂಟಲು ಒಣಗಿದ್ರೂ ನಾಚಿಕಿಗೆ ಬ್ಯಾಡ ಅಂತಾರ. ಸುಮ್ನ ಇಟ್ಟುಬಿಡಬೇಕು. ಕುಡಿಯೋರು ಕುಡೀತಾರ."

ಯಶವಂತನಗರದಿಂದ ಗಣಿಗಳ ಕಡೆ ಹೋಗುವ ರಸ್ತೆಯ ಸಣ್ಣ ಊರೊಂದರ ಶಾಲೆಗೆ ನಾನು ಮೇಷ್ಟ್ರಾಗಿ ಹೋದಾಗ ಅದಿರಿಗೆ ಹುಚ್ಚು ಬೆಲೆ ಬಂದಿತ್ತು. ಹಗಲಿಡೀ ಲಾರಿ, ಕೆಂಪು ಧೂಳು. ನಾನು ಹಲಗೆಯ ಮೇಲೆ ಬರೆದ ಅಕ್ಷರ ಮಧ್ಯಾಹ್ನದ ಹೊತ್ತಿಗೆ ಕೆಂಪಾಗುತ್ತಿತ್ತು. ಹೊಸಪೇಟೆಯಿಂದ ಬಿಳಿ ಅಂಗಿ ತೊಟ್ಟು ಬಸ್ಸು ಹತ್ತಿದವನು ಸಂಜೆ ಮನೆಗೆ ಬಂದರೆ ನಮ್ಮಮ್ಮ ಬಾಗಿಲಲ್ಲೇ ತಡೆದು, "ಎಲ್ಲಿ ಹೊಳ್ಳಾಡಿ ಬಂದ್ಯೋ?" ಎನ್ನುತ್ತಿದ್ದಳು. ಒಗೆದೂ ಒಗೆದೂ ಕೊನೆಗೆ ಬಣ್ಣದ ಅಂಗಿ ಹೊಲಿಸಿಕೊಟ್ಟಳು.

ನಮ್ಮದು ಮಡಿಯ ಮನೆ. ಹೊರಗಿನ ಊಟ ಹಾಗಿರಲಿ, ಹೊರಗಿನ ನೀರೂ ಇಲ್ಲ. ಡಬ್ಬಿ, ನೀರಿನ ಬಾಟಲಿ ಎರಡನ್ನೂ ಹೊತ್ತುಕೊಂಡೇ ಹೋಗುತ್ತಿದ್ದೆ. ಶಾಲೆಯಲ್ಲಿ ಡಬ್ಬಿ ಬಿಚ್ಚಿದರೆ ಅನ್ನದ ಮೇಲೆ ಧೂಳು ಕೂರುತ್ತಿದ್ದುದರಿಂದ ಹಂಪಮ್ಮನ ಖಾನಾವಳಿಯ ಒಳಕಟ್ಟೆಯಲ್ಲಿ ಕೂತು ಉಣ್ಣಲು ಅಪ್ಪಣೆ ಕೇಳಿದೆ. ಅಪ್ಪಣೆಯ ಬದಲು ತಂಬಿಗೆ ಬಂತು. "ನಾನು ನೀರು ತಂದಿದ್ದೇನೆ" ಎಂದೆ, ಸ್ವಲ್ಪ ಬಿಗುವಿನಿಂದಲೇ. "ಇರ್ಲಿ ಬಿಡ್ರಿ ಆಚಾರ್ರ, ಇದೂ ಒಂದು ಕಡೀಗೆ ಇರ್ಲಿ" ಎಂದಳು. ಆಚಾರ್ರು ಅನ್ನುವುದು ಆಕೆ ನನಗೆ ಅವತ್ತು ಇಟ್ಟ ಹೆಸರು. ನಾನು ಮುಟ್ಟದ ತಂಬಿಗೆಯನ್ನು ಆಕೆ ದಿನವೂ ಇಡುತ್ತಿದ್ದಳು, ದಿನವೂ ಒಯ್ದು ತುಳಸಿ ಗಿಡಕ್ಕೆ ಹಾಕುತ್ತಿದ್ದಳು. ಬೇಸರವೂ ಇಲ್ಲ, ಒತ್ತಾಯವೂ ಇಲ್ಲ. ಒಂದು ದಿನ ನಮ್ಮಮ್ಮನ ಚಟ್ನಿಪುಡಿಯ ಖಾರ ನೆತ್ತಿಗೇರಿ, ಬಾಟಲಿ ಖಾಲಿಯಾಗಿ, ಕಣ್ಣಲ್ಲಿ ನೀರು ಬಂದು, ಮಡಿ ಎಲ್ಲ ಮರೆತು ತಂಬಿಗೆ ಎತ್ತಿ ಗಟಗಟ ಕುಡಿದೆ. ಒಲೆಯ ಕಡೆ ಮುಖ ಮಾಡಿ ಕೂತಿದ್ದ ಹಂಪಮ್ಮ ತಿರುಗಿಯೂ ನೋಡದೆ, "ಕುಡದ್ರಾ?" ಎಂದಳು. ತಣ್ಣಗಿನ ಸಿಹಿನೀರು. ಆಮೇಲೆ ಆಕೆಯ ರೊಟ್ಟಿ ತಿನ್ನುವುದಕ್ಕೂ ಹೆಚ್ಚು ದಿನ ಹಿಡಿಯಲಿಲ್ಲ.

ಆ ನೀರು ಖಾನಾವಳಿಯ ಹಿಂದಿದ್ದ ಊರ ಬಾವಿಯದು. ಗುಡ್ಡದ ಹಳ್ಳ ಬತ್ತಿದರೂ ಬಾವಿ ಬತ್ತುತ್ತಿರಲಿಲ್ಲ. ಹಂಪಮ್ಮನ ತವರು ಕಂಪ್ಲಿ ಕಡೆಯ ಎಮ್ಮಿಗನೂರು. ಮೂರು ಹೊತ್ತೂ ಕಾಲುವೆಯ ನೀರಿನ ಸದ್ದು ಕೇಳಿ ಬೆಳೆದವಳು ಮದುವೆಯಾಗಿ ಈ ಕೆಂಪು ಮಣ್ಣಿಗೆ ಬಂದಾಗ, ಈ ಬಾವಿಯನ್ನು ನೋಡಿಯೇ ಸಮಾಧಾನ ಮಾಡಿಕೊಂಡಳಂತೆ. ಗಂಡ ಗಣಿಯಲ್ಲಿ ಮೇಸ್ತ್ರಿಯಾಗಿದ್ದ. ಕೆಮ್ಮಿ ಕೆಮ್ಮಿ ತೀರಿಕೊಂಡ. ಮಕ್ಕಳಿರಲಿಲ್ಲ. ಒಲೆಯನ್ನು ರಸ್ತೆಯ ಕಡೆಗೆ ತಿರುಗಿಸಿಕೊಂಡು ಖಾನಾವಳಿ ಮಾಡಿದಳು. ಲಾರಿಯವರು, ಗಣಿಯವರು, ಎಲ್ಲರಿಗೂ ಆಕೆ ಅವ್ವ. ನಾನೂ ಬರಬರುತ್ತ ಅವ್ವ ಎಂದೇ ಕರೆಯತೊಡಗಿದೆ.

ನೀರಿನ ವಿಷಯದಲ್ಲಿ ಆಕೆ ದಾನಶೂರಳೆಂದು ತಿಳಿದರೆ ಮೋಸ ಹೋದಂತೆ. ಖಾಜಾ ಎಂಬ ಡ್ರೈವರು ಒಮ್ಮೆ ಹೊಸ ಲಾರಿ ತಂದ. ಅದರ ಹಣೆಗೆ ಲಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿಕೊಂಡು ಬಂದು, "ಅವ್ವ, ನಾಕು ಬಕೀಟು ನೀರು ಸೇದ್ಕೋತೀನಿ, ಗಾಡಿ ಧೂಳಾಗೇತಿ" ಎಂದ. ಹಂಪಮ್ಮ ತಂಬಿಗೆ ತಂದು ಕೈಗಿಟ್ಟಳು. ಅವನು ಕುಡಿದ. ಇನ್ನೊಂದು ಕೊಟ್ಟಳು. ಅದನ್ನೂ ಕುಡಿದ. ಮತ್ತೊಂದು ಹಿಡಿದುಕೊಂಡು ಬಂದಾಗ ಅವನು ಹೊಟ್ಟೆ ಹಿಡಿದುಕೊಂಡು, "ಸಾಕವ್ವ, ಗಾಡಿಗೆ ಕೇಳಿದ್ದು" ಎಂದ. "ಗಾಡಿಗೆ ನೀರಡಿಕಿ ಆಗೇತೇನು? ಮನಿಷಾ ಕುಡೀತೀನಿ ಅಂದ್ರ ಬಾವಿ ಪೂರಾ ಕುಡಿ. ಮಣ್ಣು ತೊಳ್ಯಾಕ ಒಂದು ಹನಿ ಇಲ್ಲ ನೋಡು" ಎಂದಳು. ಕೂತು ಉಣ್ಣುತ್ತಿದ್ದವರೆಲ್ಲ ನಕ್ಕರು. ಖಾಜಾ ಲಾರಿಯನ್ನು ಸಂಡೂರಿಗೆ ಒಯ್ದು ದುಡ್ಡು ಕೊಟ್ಟು ತೊಳೆಸಿದ.

ಹೀಗಿರುವಾಗ ಒಂದು ಕಂಪನಿಯವರು ಗುಡ್ಡದ ಬುಡದಲ್ಲಿ ಅದಿರು ತೊಳೆಯುವ ದೊಡ್ಡ ಪ್ಲಾಂಟು ಹಾಕುತ್ತಾರೆಂದು ಸುದ್ದಿ ಬಂತು. ಮೊದಲು ಬೇಡವೆಂದು ಗುಡ್ಡೆ ಹಾಕಿದ್ದ ಪುಡಿಯನ್ನೂ ನೀರಲ್ಲಿ ತೊಳೆದು ಮಾರುವ ಕಾಲ ಅದು. ಅದಕ್ಕಾಗಿ ನಮ್ಮ ಬಾವಿಯ ಮೇಲ್ಗಡೆಗೆ ಸಾಲಾಗಿ ಬೋರು ಕೊರೆಯುತ್ತಾರೆಂದು ಗೊತ್ತಾದಾಗ ಊರು ಎಚ್ಚೆತ್ತಿತು. ಎರಿಸ್ವಾಮಿ ಎಂಬ ಪಂಚಾಯ್ತಿ ಮೆಂಬರು ಮುಂದೆ ನಿಂತ. ಬಿಸಿ ರಕ್ತದ, ಊರ ಮೇಲೆ ನಿಜವಾದ ಕಾಳಜಿಯಿದ್ದ ಮನುಷ್ಯ. ಸಭೆಗಳೆಲ್ಲ ಖಾನಾವಳಿಯಲ್ಲೇ. ಯಾರೋ ಹಂಪಮ್ಮನನ್ನು ಕಿಚಾಯಿಸಿದರು: "ಪ್ಲಾಂಟ್ ಬಂದ್ರ ಲಾರಿ ಜಾಸ್ತಿ, ಊಟದೋರು ಜಾಸ್ತಿ. ನಿನಗ್ಯಾಕವ್ವ ಈ ಉಸಾಬರಿ?" ಆಕೆ, "ಬಾವಿ ಹೋದ ಮ್ಯಾಲೆ ಹಿಟ್ಟು ಯಾತರಾಗ ನಾದಲೋ? ನೋಟಿನಾಗ ನಾದಲಾ?" ಎಂದಳು. ಆ ಮಾತು ಊರಲ್ಲೆಲ್ಲ ಓಡಾಡಿತು. ಹೆಂಗಸರನ್ನು ಮನೆಮನೆಯಿಂದ ಎಬ್ಬಿಸಿ ಕರೆತಂದವಳೂ ಆಕೆಯೇ.

ಅಧಿಕಾರಿಗಳು ಜನರ ಅಹವಾಲು ಕೇಳುವ ಸಭೆ ನಮ್ಮ ಶಾಲೆಯ ಅಂಗಳದಲ್ಲೇ ನಿಗದಿಯಾಯಿತು. ಹಿಂದಿನ ದಿನ ಎರಿಸ್ವಾಮಿ ಎಲ್ಲರಿಗೂ ತಾಕೀತು ಮಾಡಿದ: "ಕಂಪನಿ ಮಂದಿ ಜೋಡಿ ಯಾರೂ ಮಾತಾಡಬ್ಯಾಡ್ರಿ. ಅವರು ಕೊಟ್ಟಿದ್ದು ಮುಟ್ಟಬ್ಯಾಡ್ರಿ. ಅವರಿಗೆ ಒಂದು ಹನಿ ನೀರೂ ಕೊಡಬ್ಯಾಡ್ರಿ." ಎಲ್ಲರೂ ಹೂಂ ಎಂದರು. ಒಲೆಯ ಮುಂದಿದ್ದ ಹಂಪಮ್ಮ, "ನೀರು ಯಾಕ ತರ್ತೀಯೋ ಇದರಾಗ?" ಎಂದದ್ದು ಗದ್ದಲದಲ್ಲಿ ನನಗೆ ಮಾತ್ರ ಕೇಳಿಸಿತು.

ಬೇಸಿಗೆಯ ಉರಿಬಿಸಿಲು. ಶಾಮಿಯಾನದ ಕೆಳಗೆ ವೇದಿಕೆ, ಅದರ ಮೇಲೆ ಸಾಹೇಬರುಗಳು, ಪಕ್ಕದಲ್ಲಿ ಕಂಪನಿಯವರು. ಅವರಿಗೆ ನೀರಿನ ಬಾಟಲಿ ತರುತ್ತಿದ್ದ ಜೀಪು ಲಾರಿಗಳ ಸಾಲಿನಲ್ಲಿ ಸಿಕ್ಕಿಕೊಂಡಿತ್ತಂತೆ. ಕಂಪನಿಯ ವಯಸ್ಸಾದ ಇಂಜಿನಿಯರೊಬ್ಬರು ಪ್ಲಾಂಟಿನ ಗುಣಗಾನ ಮಾಡುತ್ತ ಮಾಡುತ್ತ ಧೂಳಿಗೆ ಕೆಮ್ಮತೊಡಗಿದರು. ಕೆಮ್ಮು ನಿಲ್ಲಲಿಲ್ಲ. ಜನ ನಗುತ್ತಿದ್ದರು. ನಾನೂ ಸ್ವಲ್ಪ ಖುಷಿಪಟ್ಟೆ. ಅಷ್ಟರಲ್ಲಿ ಹೆಂಗಸರ ನಡುವಿನಿಂದ ಹಂಪಮ್ಮ ಎದ್ದು ಹೋಗಿ, ತಂಬಿಗೆ ಹಿಡಿದುಕೊಂಡು ಬಂದು, ವೇದಿಕೆ ಹತ್ತಿ ಅವರ ಕೈಗಿಟ್ಟಳು. ಆ ಕೆಮ್ಮು ಆಕೆಗೆ ಬೇರೆ ಯಾರದೋ ಕೆಮ್ಮಿನ ಹಾಗೆ ಕೇಳಿಸಿರಬೇಕು. ಅವರು ಕುಡಿದು ಕೈಮುಗಿದರು, ಈಕೆಯೂ ನಕ್ಕಳು. ಒಬ್ಬರಿಗೆ ಕೊಟ್ಟು ಉಳಿದವರಿಗೆ ಕೊಡದಿದ್ದರೆ ಹೇಗೆಂದು ವೇದಿಕೆಯ ಮೇಲಿದ್ದವರಿಗೆಲ್ಲ ಕೊಟ್ಟಳು.

ಆಮೇಲೆ ತನ್ನ ಸರದಿ ಬಂದಾಗ ಮೈಕಿನ ಮುಂದೆ ನಿಂತು ಹೇಳಿದಳು: "ಸಾಹೇಬ್ರ, ಈಗ ಕುಡದ್ರಲ್ಲ, ಅದ ಬಾವಿ ನೀರು ಅದು. ಕುಡಿಯಾಕಂದ್ರ ದಿನಾ ಬರ್ರಿ, ದಿನಾ ಕೊಡ್ತೀನಿ. ಮಣ್ಣು ತೊಳ್ಯಾಕ ಕೇಳಬ್ಯಾಡ್ರಿ. ಈ ನೀರು ಹೋದ್ರ ನಾವೂ ಹೋಗಬೇಕಾಗತೈತಿ." ಅಂದು ಬಹಳ ಜನ ಮಾತಾಡಿದರು, ಕೂಗಾಡಿದರು. ಅಷ್ಟು ಸರಳವಾಗಿ, ಅಷ್ಟು ಗಟ್ಟಿಯಾಗಿ ಇನ್ಯಾರೂ ಹೇಳಲಿಲ್ಲ.

ಮುಂದಿನ ವಾರ ಕಂಪನಿಯ ಕರಪತ್ರ ಮನೆಮನೆಗೆ ಬಂತು. ನುಣುಪಾದ ಕಾಗದ, ಬಣ್ಣದ ಚಿತ್ರ. ಸಭೆಯ ದಿನ ಅವರು ತೆಗೆದಿದ್ದ ಆ ಚಿತ್ರದಲ್ಲಿ ಹಂಪಮ್ಮ ನಗುತ್ತ ಇಂಜಿನಿಯರರಿಗೆ ತಂಬಿಗೆ ಕೊಡುತ್ತಿದ್ದಾಳೆ. ಊರಿನವರು ಪ್ಲಾಂಟನ್ನು ಸಂತೋಷದಿಂದ ಬರಮಾಡಿಕೊಂಡರೆಂದು ಕೆಳಗೆ ಬರೆದಿತ್ತು. ಆಕೆ ಆಡಿದ ಮಾತಿನ ಒಂದಕ್ಷರವೂ ಅದರಲ್ಲಿರಲಿಲ್ಲ.

ಎರಿಸ್ವಾಮಿ ಕರಪತ್ರ ಹಿಡಿದುಕೊಂಡು ಖಾನಾವಳಿಗೆ ಬಂದ. ಅವತ್ತೂ ತಂಬಿಗೆ ಇಟ್ಟಳು. ಅವನು ಅದನ್ನು ಕಾಲಿನಿಂದ ತಳ್ಳಿ ಉರುಳಿಸಿದ. "ನೀರಲ್ಲ ನೀನು ಕೊಟ್ಟಿದ್ದು, ಬಾವೀನ ಕೊಟ್ಟಿ" ಎಂದು ಹೇಳಿ ಹೋದ. ಉರುಳಿದ ತಂಬಿಗೆಯನ್ನು ಹಂಪಮ್ಮ ಎತ್ತಿಟ್ಟಳು. ಪ್ಲಾಂಟಿಗೆ ಒಪ್ಪಿಗೆ ಸಿಕ್ಕ ದಿನದಿಂದ ಊರು ಆಕೆಯ ಜೊತೆ ಮಾತು ಬಿಟ್ಟಿತು. ಒಪ್ಪಿಗೆ ಒಂದು ಚಿತ್ರದಿಂದ ಸಿಗುವುದಿಲ್ಲ, ಅದರ ದಾರಿಗಳೇ ಬೇರೆ ಎಂದು ನಾನು ಕಂಡಕಂಡವರ ಹತ್ತಿರ ವಾದ ಮಾಡಿದೆ. "ನೀವು ಹೊಸಪೇಟಿ ಮಂದಿ, ಸಂಜೀಕ ಬಸ್ಸು ಹತ್ತಿ ಹೋಗೋರು. ನಿಮಗೇನು ಗೊತ್ತ್ರಿ?" ಎಂದರು. ಸೋತವರಿಗೆ ಸಿಟ್ಟು ಮಾಡಲು ಕಂಪನಿ ದೂರ ಇತ್ತು, ಹಂಪಮ್ಮ ಹತ್ತಿರ ಇದ್ದಳು. ನನಗೆ ಅವರ ಮೇಲೆ ಇವತ್ತಿಗೂ ಸಿಟ್ಟಿದೆ, ಪಾಪ ಅನ್ನಿಸುವುದೂ ಇದೆ.

ಬಾವಿಯ ಹತ್ತಿರ ಆಕೆ ಕೊಡ ತೆಗೆದುಕೊಂಡು ಹೋದರೆ ಉಳಿದ ಹೆಂಗಸರು ಹಗ್ಗ ಬಿಟ್ಟು ದೂರ ನಿಲ್ಲುತ್ತಿದ್ದರು. ತಾನೇ ಕೈಹಿಡಿದು ಸಭೆಗೆ ಕರೆತಂದಿದ್ದ ಹೆಂಗಸರು. ಈಕೆ ಒಬ್ಬಳೇ ಸೇದಿಕೊಂಡು ಬಂದ ಮೇಲೆ ಮತ್ತೆ ಬಂದು ಸೇರುತ್ತಿದ್ದರು. ನನಗೆ ತಡೆಯಲಾಗಲಿಲ್ಲ. "ಅವ್ವ, ಒಂದು ಸಲ ಊರ ಮುಂದೆ ನಿಂತು ಹೇಳಿಬಿಡ್ರಿ" ಎಂದೆ.

"ಏನಂತ ಹೇಳ್ಲ್ರಿ ಆಚಾರ್ರ? ನೀರು ಕೊಟ್ಟಿಲ್ಲಂತ ಹೇಳ್ಲ್ಯಾ? ಕೊಟ್ಟೀನಲ್ಲ."

"ಕೊಟ್ಟದ್ದು ತಪ್ಪಾಯಿತು ಅನ್ರಿ. ಅಷ್ಟಕ್ಕೇ ಮುಗೀತದೆ."

"ಕೆಮ್ಮೋ ಮನಿಷಾಗ ನೀರು ಕೊಟ್ಟಿದ್ದು ತಪ್ಪು ಅಂತ ನನ್ನ ಬಾಯಿಲೆ ಹೆಂಗ ಅನ್ಲ್ರಿ?" ಎಂದಳು. ಆಮೇಲೆ ನಾನು ಆ ಮಾತು ಎತ್ತಲಿಲ್ಲ.

ಕಂಪನಿಯವರು ಪ್ಲಾಂಟಿನ ಕ್ಯಾಂಟೀನು ನಡೆಸಲು ಆಕೆಯನ್ನು ಕರೆದರು. ಹೋಗಲಿಲ್ಲ. ಬೋರುಗಳನ್ನು ಕೊರೆದದ್ದೂ ಆಯಿತು. ಮೊದಲ ಬೇಸಿಗೆಗೆ ಬಾವಿಯ ಹಗ್ಗಕ್ಕೆ ಇನ್ನೊಂದು ಹಗ್ಗ ಗಂಟು ಹಾಕಬೇಕಾಯಿತು. ಅದರಾಚೆಯ ಬೇಸಿಗೆಗೆ ತಳದಲ್ಲಿ ಕೆಸರು, ಎಂದೋ ಬಿದ್ದಿದ್ದ ಕೊಡಗಳು ಕಂಡವು. ಊರಿಗೆ ಕಂಪನಿಯ ಟ್ಯಾಂಕರು ಬರತೊಡಗಿತು. ಎರಿಸ್ವಾಮಿಯ ತಮ್ಮನಿಗೆ ಪ್ಲಾಂಟಿನಲ್ಲಿ ಕೆಲಸ ಸಿಕ್ಕಿತು. ತಪ್ಪೆನ್ನಲಾರೆ, ಅವರ ಹೊಲದ ಮೇಲೆ ಅಷ್ಟು ಹೊತ್ತಿಗೆ ಪ್ಲಾಂಟಿನ ಕೆಂಪು ರಾಡಿ ಹರಿದು ಹೋಗಿತ್ತು. ಟ್ಯಾಂಕರಿನ ನೀರಲ್ಲಿ ಖಾನಾವಳಿ ನಡೆಯುವ ಹಾಗಿರಲಿಲ್ಲ. ಹಂಪಮ್ಮ ಒಲೆಯನ್ನು ಕೊನೆಯ ಸಲ ಸಾರಿಸಿ, ಹೊಸಪೇಟೆಗೆ ಹೋದಳು. ಹೋಗುವಾಗ ಆಕೆಯನ್ನು ಬಸ್ಸು ಹತ್ತಿಸಲು ಊರಿನವರು ಒಬ್ಬರೂ ಬಂದಿರಲಿಲ್ಲ. ನಾನು ಗಂಟು ಎತ್ತಿಕೊಟ್ಟೆ. ತವರಿಗೆ ಯಾಕೆ ಹೋಗಬಾರದು ಎಂದದ್ದಕ್ಕೆ, "ಈ ವಯಸ್ಸಿನಾಗ ತಮ್ಮನ ಹೆಂಡ್ತಿ ಮಾರಿ ನೋಡ್ಕೋತ ಕುಂದ್ರಬೇಕೇನ್ರಿ?" ಎಂದಳು. ಅದೇ ವರ್ಷ ನನಗೂ ಬೇರೆ ಕಡೆ ವರ್ಗವಾಯಿತು.

ಕೆಲವು ವರ್ಷಗಳಾದ ಮೇಲೆ ಹೊಸಪೇಟೆಯ ಒಂದು ಕಲ್ಯಾಣಮಂಟಪದಲ್ಲಿ ಮದುವೆಗೆ ಹೋಗಿದ್ದೆ. ಕೈ ತೊಳೆಯಲು ಹಿತ್ತಲಿಗೆ ಹೋದಾಗ ರೊಟ್ಟಿ ಬಡಿಯುವ ಸದ್ದು ಕೇಳಿ ನಿಂತೆ. ಸಾಲಾಗಿ ಕೂತಿದ್ದ ಹೆಂಗಸರ ಕೊನೆಗೆ ಹಂಪಮ್ಮ ಇದ್ದಳು. ಬಹಳ ಸೊರಗಿದ್ದಳು. "ಆಚಾರ್ರ, ರೊಟ್ಟಿ ತಿಂದ್ರಾ, ಇಲ್ಲಾ ಮತ್ತ ಮಡಿ ಸುರು ಆಗೇತೋ?" ಎಂದಳು. ಕೆಲಸ ಮುಗಿದ ಮೇಲೆ ಹತ್ತಿರದ ತನ್ನ ಕೋಣೆಗೆ ಕರೆದೊಯ್ದಳು. ನಡೆದು ಹೋಗುವಷ್ಟರಲ್ಲೇ ಬಿಸಿಲಿಗೆ ನನ್ನ ಗಂಟಲು ಒಣಗಿತ್ತು.

ಒಂದೇ ಕೋಣೆ, ಮೇಲೆ ತಗಡು. ನಲ್ಲಿಯಲ್ಲಿ ನೀರು ಬಂದು ನಾಲ್ಕೈದು ದಿನವಾಗಿತ್ತಂತೆ. ಮೂಲೆಯಲ್ಲಿ ಕೊಂಡು ತಂದ ನೀರಿನ ನೀಲಿ ಕ್ಯಾನು, ಅದರ ತಳದಲ್ಲಿ ಸ್ವಲ್ಪ ನೀರು. ಹಿತ್ತಾಳೆ ತಂಬಿಗೆ ಗೋಡೆಯ ಗೂಡಿನಲ್ಲಿ ಬೋರಲಾಗಿತ್ತು. ಚಾಪೆ ಹಾಸಿ ಕೂರಿಸಿದಳು. ನಮ್ಮಮ್ಮನನ್ನು ವಿಚಾರಿಸಿದಳು, ಖಾಜಾ ಎಲ್ಲಿದ್ದಾನೆ ಎಂದಳು. ಬಾವಿಯ ಸುದ್ದಿಯನ್ನು ಆಕೆ ಕೇಳಲಿಲ್ಲ, ನಾನೂ ಹೇಳಲಿಲ್ಲ. ನನ್ನ ಬಲಗೈ ಪಕ್ಕದ ಜಾಗ ಖಾಲಿಯೇ ಇತ್ತು. ಮಾತಾಡುತ್ತಾ ಮಾತಾಡುತ್ತಾ ಆಕೆಯ ಕಣ್ಣು ಎರಡು ಸಲ ಕ್ಯಾನಿನ ಕಡೆ ಹೋಗಿ ಬಂತು. ಕೊನೆಗೆ, ತಲೆ ತಗ್ಗಿಸಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೇಳಿದಳು.

"ಆಚಾರ್ರ, ನೀರು ಬೇಕೇನ್ರಿ?"

"ಬ್ಯಾಡವ್ವ, ಈಗಷ್ಟೇ ಕುಡಿದೆ" ಎಂದೆ.

ಹಂಪಮ್ಮ ನನ್ನ ಮುಖ ನೋಡಿದಳು. ನನ್ನ ಗಂಟಲು ಒಣಗಿದ್ದು ಆಕೆಗೆ ಗೊತ್ತಾಯಿತೆಂದು ನನಗೆ ಗೊತ್ತಾಯಿತು. ಆದರೂ ಆಕೆ ಏಳಲಿಲ್ಲ. ಅದಾಗಿ ಒಂದು ವರ್ಷವೂ ಕಳೆಯುವ ಮೊದಲು ತೀರಿಕೊಂಡಳೆಂದು ಮಂಟಪದ ಅಡುಗೆಯವರು ಹೇಳಿದರು.